ಈಸೂರಿನ ಕವಿತೆ, ಅಶ್ವಥ್ ಕಂಠ

ಸೊರಬ ತಾಲ್ಲೂಕಿನ ಉಳವಿ ಹೋಬಳಿಯ ಕಡೆ ಶಾಲಾ ವಾರ್ಷಿಕೋತ್ಸವಗಳು ಬರುವುದು ಅಡಿಕೆ ಕೊಯ್ಲಿನ ಗಡಿಬಿಡಿಯ ಆಸುಪಾಸಿನಲ್ಲಿ. (ಚನ್ನಬಸವಣ್ಣನ ಉಳವಿ ಬೇರೆ, ಅದು ಜೋಯಿಡಾ ಕಾಡಿನದು.) ಅಂಥ ರಾತ್ರಿಗಳಲ್ಲಿ ಸಿನಿಮಾ ಹಾಡಿನ ಕುಣಿತಗಳ ನಡುವೆ ಒಬ್ಬ ಹುಡುಗನೋ ಹುಡುಗಿಯೋ ಭಾವಗೀತೆ ಹಾಡುವುದು ಮಲೆನಾಡಿನ ಶಾಲೆಗಳಲ್ಲಿ ಹಳೆಯ ರೂಢಿ. ನಿರೂಪಣೆಯವರು ಧ್ವನಿವರ್ಧಕದಲ್ಲಿ ಸಾರುವುದು ಸಾಮಾನ್ಯವಾಗಿ ಇಷ್ಟೇ: ಈಗ ಸಿ. ಅಶ್ವಥ್ ಅವರ ಗೀತೆ. ಮಗು ಕಣ್ಣು ಮುಚ್ಚಿ ‘ಕಾಣದ ಕಡಲಿಗೆ’ ಹಾಡುತ್ತದೆ. ಅಪ್ಪ ಅಮ್ಮಂದಿರು ತಲೆದೂಗುತ್ತಾರೆ, ಏಕೆಂದರೆ ಅವರ ಕಾಲದ ಟೇಪ್ ರೆಕಾರ್ಡರಿನಲ್ಲಿ ಸುತ್ತಿದ ಹಾಡೂ ಅದೇ.

ಸಾರಿದ್ದರಲ್ಲಿ ಸುಳ್ಳೇನೂ ಇಲ್ಲ. ಆದರೆ ಆ ಕವಿತೆ ಬರೆದ ಜಿ.ಎಸ್. ಶಿವರುದ್ರಪ್ಪ ಹುಟ್ಟಿದ್ದು ಪಕ್ಕದ ಶಿಕಾರಿಪುರ ತಾಲ್ಲೂಕಿನ ಈಸೂರಿನಲ್ಲಿ, 1926ರ ಫೆಬ್ರುವರಿ 7ರಂದು. 1942ರಲ್ಲಿ ತನ್ನನ್ನು ತಾನೇ ಸ್ವತಂತ್ರವೆಂದು ಸಾರಿಕೊಂಡ ಅದೇ ಈಸೂರು. ಕವಿಯ ಊರಿನ ನೆರೆಯಲ್ಲಿ ಕವಿಯ ಹೆಸರು ಬಿದ್ದುಹೋಗಿ, ಚನ್ನರಾಯಪಟ್ಟಣದಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ಬಾಳಿದ ಗಾಯಕನ ಹೆಸರು ಉಳಿದಿದೆ. ಇದನ್ನು ಅಶ್ವಥ್ ಅವರ ಗೆಲುವು ಎನ್ನಬೇಕೋ, ಅವರ ಅಭಿಮಾನಿಗಳ ಮರೆವು ಎನ್ನಬೇಕೋ?

ಗೆಲುವಂತೂ ಹೌದು. ಇಂಗ್ಲಿಷ್ ಸಂಗೀತ ಕೇಳುವ ಇಂದಿನ ಕಾಲೇಜು ಹುಡುಗರಿಗೆ ರಾಕ್ ಸ್ಟಾರ್ ಎಂದರೆ ಏನೆಂದು ಹೇಳಿಕೊಡಬೇಕಿಲ್ಲ: ಮೈದಾನ ತುಂಬುವ ಜನ, ವೇದಿಕೆಯ ಮೇಲೆ ಒಬ್ಬನೇ ಒಬ್ಬ, ಅವನು ಒಂದು ಸಾಲು ಎತ್ತಿದರೆ ಕೆಳಗಿನಿಂದ ಸಾವಿರ ಬಾಯಿ. ಕನ್ನಡದಲ್ಲಿ ಆ ಮಾತಿಗೆ ಸಮೀಪ ನಿಂತವರು ಗಿಟಾರ್ ಹಿಡಿದವರಲ್ಲ. ಜುಬ್ಬಾ ತೊಟ್ಟು, ಕೈ ಮೇಲೆತ್ತಿ, ಪುಸ್ತಕದೊಳಗಿನ ಕವಿತೆಯನ್ನು ಎದೆಯಿಂದ ಕೂಗಿ ಹಾಡಿದ ಅಶ್ವಥ್. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಅವರು ನಡೆಸಿದ ‘ಕನ್ನಡವೇ ಸತ್ಯ’ ಕಾರ್ಯಕ್ರಮಕ್ಕೆ ಜನ ಬಂದದ್ದು ಚಲನಚಿತ್ರ ತಾರೆಯರನ್ನು ನೋಡಲಿಕ್ಕಲ್ಲ, ಕುವೆಂಪು, ಬೇಂದ್ರೆಯರ ಪದ್ಯ ಕೇಳಲಿಕ್ಕೆ. ಪಠ್ಯಪುಸ್ತಕದಲ್ಲಿ ಭಾವಾರ್ಥ ಬರೆದು ಬೇಸತ್ತವರೂ ಅಲ್ಲಿ ಇದ್ದಿರಲೇಬೇಕು.

ಅವರು ಹುಟ್ಟಿದ್ದು 1939ರ ಡಿಸೆಂಬರ್ 29ರಂದು. ಹೊಟ್ಟೆಪಾಡಿಗೆ ಸಂಗೀತವನ್ನು ನೆಚ್ಚಿಕೊಂಡವರಲ್ಲ, ಬೆಂಗಳೂರಿನ ಐ.ಟಿ.ಐ. ದೂರವಾಣಿ ಕಾರ್ಖಾನೆಯಲ್ಲಿ 27 ವರ್ಷ ದುಡಿದವರು. ಮಕ್ಕಳು ಹಾಡು ಹಾಡು ಎನ್ನುತ್ತ ಓದು ಬಿಟ್ಟಾರೆಂದು ಅಂಜುವ ತಂದೆತಾಯಿಗಳು ಈ ಸಂಗತಿಯನ್ನು ಗಮನಿಸಬಹುದು. ಹಗಲು ಕಾರ್ಖಾನೆ, ಸಂಜೆ ಹಾರ್ಮೋನಿಯಂ, ನಡುವೆ ರಂಗಭೂಮಿಯ ಒಡನಾಟ. ಮಾಸ್ತಿಯವರ ನಾಟಕವನ್ನು ಆಧರಿಸಿ ಸಿ.ಆರ್. ಸಿಂಹ ನಿರ್ದೇಶಿಸಿದ ‘ಕಾಕನಕೋಟೆ’ (1977) ಅವರನ್ನು ಚಿತ್ರಸಂಗೀತಕ್ಕೆ ಕರೆತಂದಿತು. ಮುಂದೆ ಎಲ್. ವೈದ್ಯನಾಥನ್ ಜೊತೆ ಸೇರಿ ‘ಅಶ್ವಥ್–ವೈದಿ’ ಎಂಬ ಜೋಡಿಯಾದರು. ಆಗುಂಬೆಯಲ್ಲಿ ಚಿತ್ರೀಕರಣಗೊಂಡ ಶಂಕರ್‌ನಾಗ್ ಅವರ ‘ಮಾಲ್ಗುಡಿ ಡೇಸ್’ ಧಾರಾವಾಹಿಗೆ ಸಂಗೀತ ಕೊಟ್ಟವರು ಇದೇ ವೈದ್ಯನಾಥನ್.

ಕವಿತೆಯನ್ನು ಹಾಡುವ ಈ ದಾರಿಯನ್ನು ಅಶ್ವಥ್ ಒಬ್ಬರೇ ಕಡಿದವರಲ್ಲ. ಅವರಿಗಿಂತ ಒಂದು ತಲೆಮಾರು ಮೊದಲೇ ಪಿ. ಕಾಳಿಂಗರಾಯರು ಕನ್ನಡದ ಕವಿಗಳನ್ನು ವೇದಿಕೆಗೆ ತಂದಿದ್ದರು. ಅವರ ನಂತರ ಮೈಸೂರು ಅನಂತಸ್ವಾಮಿ ಬಂದರು. 1978ರಲ್ಲಿ ಕೆ.ಎಸ್. ನಿಸಾರ್ ಅಹಮದ್ ಕವಿತೆಗಳಿಗೆ ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ ಹೊರಬಂತು. ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿ ಎಂದು ಅದನ್ನು ಗುರುತಿಸುತ್ತಾರೆ. ಶಿವಮೊಗ್ಗದ ಸಹ್ಯಾದ್ರಿ ಕಾಲೇಜಿನಲ್ಲಿ ಪಾಠ ಹೇಳಿದ್ದ ನಿಸಾರ್ ಅವರ ಆ ಹೆಸರಾಂತ ಗೀತೆಯಲ್ಲಿ ಸಾಗರ ಸೀಮೆಯ ಜೋಗವೂ ಇರುವುದರಿಂದ, ಈ ಭಾಗದವರಿಗೆ ಅದು ಮನೆಯ ಹಾಡೇ ಆಯಿತು.

ಆಮೇಲಿನ ಹದಿನೈದು ಇಪ್ಪತ್ತು ವರ್ಷ ಧ್ವನಿಸುರುಳಿಯ ಕಾಲ. ಭದ್ರಾವತಿ ಆಕಾಶವಾಣಿಯಲ್ಲಿ ಹಾಡು ಬರುವುದನ್ನು ಕಾಯುತ್ತಿದ್ದವರಿಗೆ, ಬೇಕಾದಾಗ ಬೇಕಾದ ಹಾಡನ್ನು ತಿರುಗಿಸಿ ಕೇಳುವ ಸ್ವಾತಂತ್ರ್ಯ ಸಿಕ್ಕಿತು. ನಾಡು ಮಾಡಿನ ಹಂಚಿನ ಮನೆಗಳಲ್ಲಿ, ಮಳೆಗಾಲದ ಕರೆಂಟಿಲ್ಲದ ಸಂಜೆಗಳಲ್ಲಿ, ಶೆಲ್ಲು ಹಾಕಿದ ಟೇಪ್ ರೆಕಾರ್ಡರ್ ಮುಂದೆ ಕುಳಿತು ಹಾಡನ್ನು ಅಲ್ಲಲ್ಲಿ ನಿಲ್ಲಿಸಿ ಸಾಲು ಸಾಲಾಗಿ ಬರೆದುಕೊಂಡ ನೋಟುಬುಕ್ಕುಗಳು ಈಗಲೂ ಕೆಲವು ಅಟ್ಟಗಳಲ್ಲಿ ಸಿಗುತ್ತವೆ. ಅವುಗಳಲ್ಲಿ ತಪ್ಪಾಗಿ ಕೇಳಿ ಬರೆದ ಪದಗಳೂ ಉಂಟು. ಮಲೆನಾಡಿನ ಜಡಿಮಳೆಯ ಸದ್ದಿನಲ್ಲಿ ಮಹಾಪ್ರಾಣ, ಅಲ್ಪಪ್ರಾಣಗಳ ಗತಿ ಏನಾದೀತು! ಆದರೆ ಧ್ವನಿಸುರುಳಿಯ ಪೆಟ್ಟಿಗೆಯೊಳಗೆ ಮಡಿಸಿಟ್ಟ ಒಂದು ಚೀಟಿ ಇರುತ್ತಿತ್ತು. ಸಾಹಿತ್ಯ ಇಂಥವರದು, ಸಂಗೀತ ಇಂಥವರದು, ಹಾಡಿದವರು ಇಂಥವರು ಎಂದು ಸಣ್ಣ ಅಕ್ಷರದಲ್ಲಿ ಅಚ್ಚಾಗಿರುತ್ತಿದ್ದ ಆ ಚೀಟಿ ಎಷ್ಟೋ ಮನೆಗಳಲ್ಲಿ ಕನ್ನಡ ಸಾಹಿತ್ಯ ಚರಿತ್ರೆಯ ಮೊದಲ ಪಾಠವಾಗಿತ್ತು.

ಅಶ್ವಥ್ ಅಭಿಮಾನಿಗಳಲ್ಲಿ ಎರಡು ಪಂಗಡ. ಒಂದು ‘ಮೈಸೂರ ಮಲ್ಲಿಗೆ’ಯ ಅಶ್ವಥ್ ಅವರನ್ನು ಮೆಚ್ಚುವುದು. ಕೆ.ಎಸ್. ನರಸಿಂಹಸ್ವಾಮಿಯವರ 1942ರ ಆ ಸಂಕಲನವನ್ನು ಆಧರಿಸಿದ ಚಿತ್ರ 1992ರಲ್ಲಿ ಬಂದಾಗ ಅದಕ್ಕೆ ಸಂಗೀತ ಅಶ್ವಥ್ ಅವರದು, ಶ್ರೇಷ್ಠ ಗೀತರಚನೆಯ ರಾಷ್ಟ್ರಪ್ರಶಸ್ತಿ ಕವಿಯದು. ಇನ್ನೊಂದು ಪಂಗಡ ಷರೀಫರ ಅಶ್ವಥ್ ಅವರದು. ದೊಡ್ಡ ಪಂಗಡ ಇದೇ ಇರಬೇಕು.

ಶಿಶುನಾಳ ಷರೀಫರ ತತ್ವಪದಗಳನ್ನು ಹಾವೇರಿ, ಧಾರವಾಡ ಸೀಮೆಯ ಭಜನಾ ಮೇಳಗಳು ಏಕತಾರಿ, ದಮ್ಮಡಿ, ತಾಳ ಹಿಡಿದು ಹಾಡಿಕೊಂಡೇ ಬಂದಿದ್ದವು. ಅವುಗಳನ್ನು ಇಡೀ ನಾಡು ಕೇಳುವ ಹಾಗೆ ಮಾಡುವುದರಲ್ಲಿ ಮೂವರು ಸೇರಿಕೊಂಡರು. ಅವರಲ್ಲಿ ಇಬ್ಬರು ಶಿವಮೊಗ್ಗ ಜಿಲ್ಲೆಯವರು. ಕವಿ ಎನ್.ಎಸ್. ಲಕ್ಷ್ಮೀನಾರಾಯಣ ಭಟ್ಟರು ಶಿವಮೊಗ್ಗದಲ್ಲಿ ಹುಟ್ಟಿದವರು. ಷರೀಫರ ಪದಗಳತ್ತ ಗಾಯಕರ ಗಮನ ಸೆಳೆದವರು. ಗಾಯಕ ಶಿವಮೊಗ್ಗ ಸುಬ್ಬಣ್ಣ ಹೊಸನಗರ ತಾಲ್ಲೂಕಿನ ನಗರದವರು, ಓದಿದ್ದು ಕಾನೂನು. ಮೂರನೆಯವರು ಅಶ್ವಥ್. ಸುಬ್ಬಣ್ಣನವರದು ಅಳೆದು ತೂಗಿದ ತಂಪು ದನಿ; ಅಶ್ವಥ್ ಅವರದು ಕಟ್ಟೆಯೊಡೆದ ನೀರು. ಒಂದೇ ತತ್ವಪದವನ್ನು ಇಬ್ಬರ ದನಿಯಲ್ಲೂ ಕೇಳಿದವರಿಗೆ, ಒಗಟಿನಂಥ ಮಾತು ಒಂದು ಕಡೆ ನಗುತ್ತದೆ, ಇನ್ನೊಂದು ಕಡೆ ಗದರಿಸುತ್ತದೆ ಎಂಬುದು ಗೊತ್ತು.

ಸುಬ್ಬಣ್ಣನವರ ಬಗ್ಗೆ ಇನ್ನೊಂದು ಮಾತು ಹೇಳದೆ ಮುಂದೆ ಹೋಗುವುದು ಸರಿಯಲ್ಲ. ಚಂದ್ರಶೇಖರ ಕಂಬಾರರ ‘ಕಾಡು ಕುದುರೆ’ ಚಿತ್ರಕ್ಕೆ ಹಾಡಿ, ಹಿನ್ನೆಲೆ ಗಾಯನಕ್ಕೆ ರಾಷ್ಟ್ರಪ್ರಶಸ್ತಿ ಪಡೆದ ಮೊದಲ ಕನ್ನಡಿಗ ಅವರು. ಹೊಸನಗರದ ಕಾಡಿನ ಅಂಚಿನ ಹಳ್ಳಿಯಿಂದ ಹೊರಟ ದನಿ ಅದು. 2022ರ ಆಗಸ್ಟ್ 11ರಂದು ತೀರಿಕೊಂಡರು.

1990ರಲ್ಲಿ ಟಿ.ಎಸ್. ನಾಗಾಭರಣ ‘ಸಂತ ಶಿಶುನಾಳ ಷರೀಫ’ ಚಿತ್ರ ಮಾಡಿದರು. ಶ್ರೀಧರ್ ಷರೀಫರಾದರು, ಗಿರೀಶ ಕಾರ್ನಾಡರು ಗುರು ಗೋವಿಂದಭಟ್ಟರಾದರು, ಷರೀಫರ ಕಂಠ ಅಶ್ವಥ್ ಆದರು. ರಾಷ್ಟ್ರೀಯ ಭಾವೈಕ್ಯದ ಅತ್ಯುತ್ತಮ ಚಿತ್ರವೆಂಬ ನರ್ಗಿಸ್ ದತ್ ಪ್ರಶಸ್ತಿ ಅದಕ್ಕೆ ಬಂತು. ಇಂದು ಷರೀಫರೆಂದರೆ ಬಹುಪಾಲು ಕನ್ನಡಿಗರ ಕಿವಿಗೆ ಕೇಳುವುದು ಅಶ್ವಥ್. ಅಭಿಮಾನಿಗಳು ಬೆರಗಿನಿಂದ ಹೇಳುವ ಒಂದು ಕಾಕತಾಳೀಯವೂ ಇದೆ. ಷರೀಫರು ತಮ್ಮ ಜನ್ಮದಿನದಂದೇ, ಎಪ್ಪತ್ತು ತುಂಬಿದ ದಿನ, 1889ರಲ್ಲಿ ಕಾಲವಾದರೆಂದು ಅವರ ಚರಿತ್ರೆ ಹೇಳುತ್ತದೆ. ಅಶ್ವಥ್ ಕೂಡ ಎಪ್ಪತ್ತು ತುಂಬಿದ ದಿನವೇ, 2009ರ ಡಿಸೆಂಬರ್ 29ರಂದು ತೀರಿಕೊಂಡರು.

ಅಶ್ವಥ್ ಗಾಯನಕ್ಕೆ ಟೀಕಾಕಾರರು ಇರಲಿಲ್ಲವೆಂದಲ್ಲ. ಕೂಗಾಟ ಹೆಚ್ಚು, ಕವಿತೆಯ ಮೆಲುದನಿ ಅದರಲ್ಲಿ ಮುಳುಗುತ್ತದೆ ಎಂಬ ಆಕ್ಷೇಪ ಹಿಂದಿನಿಂದಲೂ ಇದೆ. ಕೆಲವು ಹಾಡುಗಳ ಮಟ್ಟಿಗೆ ಅದು ನಿಜವೂ ಹೌದು. ಆದರೆ ‘ಕಾಣದ ಕಡಲಿಗೆ’ ಆ ಆಕ್ಷೇಪಕ್ಕೆ ಸಿಕ್ಕುವುದಿಲ್ಲ. ಕಡಲನ್ನು ಕಂಡೇ ಇರದ ಜೀವವೊಂದು ಅದಕ್ಕಾಗಿ ಹಂಬಲಿಸುತ್ತದೆ. ಒಮ್ಮೆ ಅದನ್ನು ಕಂಡೇನೇ, ಸೇರಿಯೇನೇ ಎಂದು ತನ್ನನ್ನೇ ಕೇಳಿಕೊಳ್ಳುತ್ತದೆ. ಕವಿತೆಯಲ್ಲಿ ಪ್ರಶ್ನೆ ಇದೆ, ಉತ್ತರ ಇಲ್ಲ. ಅಶ್ವಥ್ ಹಾಡಿಕೆಯಲ್ಲಿಯೂ ಹಂಬಲದ ಮಾತು ಮತ್ತೆ ಮತ್ತೆ ಮರಳುತ್ತದೆ. ದನಿ ಏರುವುದು ಆಸೆಗೆ, ತಗ್ಗುವುದು ಅನುಮಾನಕ್ಕೆ. ಅಬ್ಬರಕ್ಕೆಂದು ಏರಿದ್ದು ಅದರಲ್ಲಿಲ್ಲ.

ಈ ಕವಿತೆಯನ್ನು ಸೊರಬ, ಶಿಕಾರಿಪುರದ ಮಕ್ಕಳಿಗೆ ವಿವರಿಸಲು ಗೈಡು ಬೇಕಿಲ್ಲ, ಭೂಪಟ ಸಾಕು. ಪಶ್ಚಿಮಕ್ಕೆ ಘಟ್ಟ ಇಳಿದರೆ ಕಡಲು. ಪಕ್ಕದ ಸಾಗರ ಸೀಮೆಯ ಶರಾವತಿ ಜೋಗದಲ್ಲಿ ಧುಮುಕಿ ನೇರ ಅದನ್ನೇ ಸೇರುತ್ತದೆ. ಆದರೆ ಸೊರಬದ ಹಳ್ಳಕೊಳ್ಳಗಳು ಕೂಡಿಕೊಳ್ಳುವ ವರದೆ ಕಡಲಿಗೆ ಬೆನ್ನು ಹಾಕಿ, ಬನವಾಸಿ ಸುತ್ತಿ, ತುಂಗಭದ್ರೆಯನ್ನು ಸೇರಿ, ಅಲ್ಲಿಂದ ಕೃಷ್ಣೆಯ ಮೂಲಕ ನೂರಾರು ಮೈಲಿ ಆಚೆ ಬಂಗಾಳ ಕೊಲ್ಲಿಯನ್ನು ಮುಟ್ಟಬೇಕು. ಶಿಕಾರಿಪುರದ ಕುಮುದ್ವತಿಯ ಹಣೆಬರಹವೂ ಅದೇ. ಶಿವರುದ್ರಪ್ಪನವರು ಬರೆಯುವಾಗ ಈ ನದಿಗಳನ್ನು ನೆನೆದರೆಂದು ಹೇಳಬೇಕಾಗಿಲ್ಲ. ಆದರೆ ಹತ್ತಿರದ ಕಡಲನ್ನು ಬಿಟ್ಟು ದೂರದ ಕಡಲಿಗೆ ಹರಿಯುವ ನೀರಿನ ದಡದಲ್ಲಿ ಬೆಳೆದ ಮಗುವಿಗೆ ಆ ಹಂಬಲ ಬೇಗ ತಿಳಿದೀತು.

ಅಭಿಮಾನ ಕೆಲವೊಮ್ಮೆ ಜಗಳಕ್ಕೂ ತಿರುಗುತ್ತದೆ. ಕುವೆಂಪು ಅವರ ನಾಡಗೀತೆಯನ್ನು ಅನಂತಸ್ವಾಮಿ ಧಾಟಿಯಲ್ಲಿ ಹಾಡಬೇಕೋ ಅಶ್ವಥ್ ಧಾಟಿಯಲ್ಲಿಯೋ ಎಂಬ ವಾದ ವರ್ಷಗಟ್ಟಲೆ ನಡೆಯಿತು. 2022ರ ಸೆಪ್ಟೆಂಬರಿನಲ್ಲಿ ಸರ್ಕಾರ ಅನಂತಸ್ವಾಮಿ ಧಾಟಿಯನ್ನು ಒಪ್ಪಿ, 2 ನಿಮಿಷ 30 ಸೆಕೆಂಡಿನಲ್ಲಿ ಹಾಡಿ ಮುಗಿಸಬೇಕೆಂದು ಆದೇಶ ಹೊರಡಿಸಿತು. ವಿವಾದ ಹೈಕೋರ್ಟಿನವರೆಗೂ ಹೋಯಿತು. ಒಂದು ಪದ್ಯದ ರಾಗಕ್ಕಾಗಿ ನ್ಯಾಯಾಲಯ ಹತ್ತುವ ಜನ ಲೋಕದಲ್ಲಿ ಎಷ್ಟಿದ್ದಾರು! ಬೆಳಗಿನ ಪ್ರಾರ್ಥನೆಯಲ್ಲಿ ಸಾಲು ನಿಂತು ಹಾಡುವ ಮಕ್ಕಳಿಗೆ ಈ ಕಥೆ ಹೇಳಿದರೆ ಕೇಳಿಯಾರು.

ಪ್ರತಿಭಾ ಕಾರಂಜಿಯಲ್ಲಿ ಭಾವಗೀತೆ ಒಂದು ಸ್ಪರ್ಧೆ. ಮಕ್ಕಳು ಅದಕ್ಕೆ ತಯಾರಾಗುವುದು ಈಗ ಮೊಬೈಲಿನಲ್ಲಿ ಕೇಳಿ. ಅದರಲ್ಲಿ ಹಾಡು ಸಿಗುತ್ತದೆ, ಚೀಟಿ ಸಿಗುವುದಿಲ್ಲ. ಎಷ್ಟೋ ಸಲ ಹಾಡಿದವರ ಹೆಸರೊಂದೇ ತೆರೆಯ ಮೇಲೆ. ಅದಕ್ಕೇ ಮಕ್ಕಳು ಅನುಕರಿಸುವುದು ಅಶ್ವಥ್ ಅವರ ಏರುದನಿಯನ್ನು. ಅವರು ಎಲ್ಲಿ ತಡೆದರು, ಯಾವ ಪದಕ್ಕೆ ಒತ್ತು ಕೊಟ್ಟರು, ಏಕೆ ಎಂಬುದು ಕವಿತೆಯನ್ನು ಒಮ್ಮೆ ಸುಮ್ಮನೆ ಓದಿದವರಿಗಷ್ಟೇ ಹೊಳೆಯುವ ವಿಷಯ. ಗಂಟಲು ಒಡೆಯದ ಹತ್ತು ವರ್ಷದ ಮಗು ಅಶ್ವಥ್ ಶ್ರುತಿಯಲ್ಲಿ ಕೂಗಿ ಕೆಮ್ಮುವುದನ್ನು ನೋಡಿ ಕೈತಟ್ಟುವ ಹಿರಿಯರು ಮಗುವಿಗೆ ಉಪಕಾರ ಮಾಡುತ್ತಿಲ್ಲ. ಮಕ್ಕಳಿಗಾಗಿ ಅಶ್ವಥ್ ಬೇರೆಯದನ್ನೇ ಮಾಡಿದ್ದರು; 1993ರ ‘ಚಿನ್ನಾರಿ ಮುತ್ತ’ದಲ್ಲಿ ಎಚ್.ಎಸ್. ವೆಂಕಟೇಶಮೂರ್ತಿಯವರ ಗೀತೆಗಳಿಗೆ ಹಾಕಿದ ರಾಗಗಳು ಮಕ್ಕಳ ಕಂಠಕ್ಕೆ ಹೊಂದುವಂಥವು. ಶುರು ಮಾಡಲು ಅವೇ ಮೇಲು.

ತಪ್ಪಾಗಿ ಕೇಳಿ ಬರೆದುಕೊಂಡ ಪದವನ್ನು ಕವಿಗೇ ಕಾಗದ ಹಾಕಿ ತಿದ್ದಿಕೊಳ್ಳಬಹುದಾಗಿದ್ದ ಕಾಲ ಮುಗಿದಿದೆ. ಅಶ್ವಥ್ ಹೋದ ನಾಲ್ಕು ವರ್ಷಕ್ಕೆ, 2013ರ ಡಿಸೆಂಬರಿನಲ್ಲಿ ಶಿವರುದ್ರಪ್ಪನವರು ತೀರಿಕೊಂಡರು. 2020ರಲ್ಲಿ ನಿಸಾರ್, 2021ರಲ್ಲಿ ಲಕ್ಷ್ಮೀನಾರಾಯಣ ಭಟ್ಟರು, 2025ರಲ್ಲಿ ವೆಂಕಟೇಶಮೂರ್ತಿ. ಇನ್ನು ಕೇಳುವುದಿದ್ದರೆ ಅವರ ಪುಸ್ತಕಗಳನ್ನೇ ಕೇಳಬೇಕು. ಶಾಲೆಯ ಬೀರುವಿನಲ್ಲಿ ಶಿವರುದ್ರಪ್ಪನವರ ಸಮಗ್ರ ಕಾವ್ಯ ಇದ್ದರೆ ಬೀಗದ ಕೈ ಕೇಳಿ ಪಡೆದು, ಹಾಡುವ ಮೊದಲು ಒಂದು ಸಲ ಪುಟ ತೆರೆದು ನೋಡಬಹುದು. ವಾರ್ಷಿಕೋತ್ಸವದ ನಿರೂಪಣೆಯ ಚೀಟಿಯಲ್ಲಿ ಅಶ್ವಥ್ ಹೆಸರಿನ ಹಿಂದೆ ಇನ್ನೊಂದು ಹೆಸರಿಗೂ, ಈಸೂರು ಎಂಬ ಊರಿಗೂ ಜಾಗ ಉಂಟು.