ಅಂಗಿಗೂ ಒಂದು ಊರು ಬೇಕು

ತಿರುಮಕೂಡಲು ನರಸೀಪುರದ ಹುಡುಗರಿಗೂ ನಮ್ಮ ನಂಜನಗೂಡಿನ ಹುಡುಗರಿಗೂ ಕಾಲ್ಚೆಂಡಿನ ಪಂದ್ಯವೊಂದು ಗೊತ್ತಾಗಿತ್ತು. ಜೊತೆಯಲ್ಲಿ ಹಿರಿಯರೊಬ್ಬರಿರಲಿ ಎಂಬ ಕಾರಣದಿಂದ, ಆಟದ ಗಂಧಗಾಳಿಯಿಲ್ಲದ ಕನ್ನಡ ಅಧ್ಯಾಪಕನಾದ ನನ್ನನ್ನೂ ಬಸ್ಸಿಗೆ ಹತ್ತಿಸಿಕೊಂಡರು. ಕಪಿಲೆಯ ದಡದಿಂದ ಹೊರಟ ನಾವು ಕಪಿಲೆ ಕಾವೇರಿಯರು ಕೂಡುವ ಊರಿನಲ್ಲಿ ಇಳಿದೆವು. ಮೈದಾನಕ್ಕೆ ಬಂದು ನೋಡುತ್ತೇವೆ, ಎದುರು ಪಕ್ಷದವರೆಲ್ಲ ಆಕಾಶನೀಲಿ ಮತ್ತು ಬಿಳಿಯ ಪಟ್ಟೆಗಳ ಅಂಗಿ ತೊಟ್ಟು ನಿಂತಿದ್ದಾರೆ. ನಮ್ಮವರು ಚೀಲ ಬಿಚ್ಚಿ ತೊಟ್ಟುಕೊಂಡದ್ದೂ ಅದನ್ನೇ! ಅರ್ಜೆಂಟೀನ ದೇಶದ ಅಂಗಿ. ಬೆನ್ನಿನ ಮೇಲೆ ಮೆಸ್ಸಿಯ ಹೆಸರು. ಹೆಸರಿನ ಕೆಳಗೆ ದಪ್ಪನೆಯ 10. ಆ ದೇಶದವರು 2022ರಲ್ಲಿ ಕತಾರಿನ ವಿಶ್ವಕಪ್ಪನ್ನು ಗೆದ್ದ ಮೇಲೆ ಆ ಅಂಗಿ ನಮ್ಮ ಸಂತೆಗಳಿಗೂ ಬಂದುಬಿಟ್ಟಿದೆ. ಗೋಲು ಕಾಯುವ ಇಬ್ಬರನ್ನು ಬಿಟ್ಟರೆ ಅಂದು ಮೈದಾನದಲ್ಲಿ ಇಪ್ಪತ್ತು ಮಂದಿ ಮೆಸ್ಸಿಗಳು!

ನೋಡಲು ಬಂದವರಿಗೆ ಇದು ದೊಡ್ಡ ತಮಾಷೆಯಾಗಿ ಕಂಡಿತು. ಆದರೆ ಆಟ ಮುಗಿಯಲು ಐದು ನಿಮಿಷಗಳಿದ್ದಾಗ ನಮ್ಮ ಹುಡುಗನೊಬ್ಬ ತನ್ನವನೆಂದೇ ಭಾವಿಸಿ ಚೆಂಡನ್ನು ಎದುರಾಳಿಯ ಕಾಲಿಗೆ ಒಪ್ಪಿಸಿದ. ಕಣ್ಣು ಮಿಟುಕಿಸುವುದರೊಳಗೆ ಗೋಲಾಯಿತು. ಒಂದು ಗೋಲಿನಿಂದ ಸೋತೆವು. ಹಿಂದಿರುಗುವಾಗ ಬಸ್ಸಿನಲ್ಲಿ ಯಾರೂ ಅವನೊಡನೆ ಮಾತನಾಡಲಿಲ್ಲ. ಕಿಟಕಿಯ ಪಕ್ಕದಲ್ಲಿ ಕುಳಿತು ಕಣ್ಣೊರಸಿಕೊಳ್ಳುತ್ತಿದ್ದವನು ಕೊನೆಗೆ ನನ್ನ ಕಡೆ ತಿರುಗಿ, “ಸಾರ್, ನಾನು ನಮ್ಮ ಅಂಗಿಗೇ ಕೊಟ್ಟೆ” ಎಂದ. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ.

ಮೂರು ದಿನಗಳ ತರುವಾಯ ಹುಡುಗರೆಲ್ಲ ಮನೆಗೆ ಬಂದರು. ತಮ್ಮದೇ ಆದ ಅಂಗಿಯೊಂದು ಬೇಕೆಂಬುದು ಅವರ ಬೇಡಿಕೆ. ಪೇಟೆಯ ವರ್ತಕರೊಬ್ಬರು ಅಷ್ಟೂ ಅಂಗಿಗಳ ಖರ್ಚನ್ನು ಕೊಡಲು ಒಪ್ಪಿದ್ದಾರೆ. ಆದರೆ ಎದೆಯ ಮೇಲೆ ಅವರ ಅಂಗಡಿಯ ಹೆಸರಿರಬೇಕಂತೆ. ಕೆಲವರಿಗೆ ಇದು ಒಪ್ಪಿಗೆ, ಕೆಲವರಿಗೆ ಇಲ್ಲ. “ಸಾರ್, ಪ್ರಪಂಚದಲ್ಲಿ ಯಾವ ದೇಶದ ಅಂಗಿ ಎಲ್ಲಕ್ಕಿಂತ ಚೆನ್ನಾಗಿದೆ? ನೀವೇ ನೋಡಿ ಹೇಳಿ, ಹಾಗೆಯೇ ಹೊಲಿಸುತ್ತೇವೆ” ಎಂದು ಭಾರವನ್ನು ನನ್ನ ತಲೆಯ ಮೇಲೆ ಹೊರಿಸಿದರು. ಹದಿನೈದು ದಿನಗಳ ಕಾಲ ವಿಶ್ವಕಪ್ಪಿನ ಹಳೆಯ ಚಿತ್ರಗಳನ್ನು ನೋಡಿ ನಾನು ಕಂಡುಕೊಂಡ ತೀರ್ಪನ್ನು ಓದುಗರ ಮುಂದೆ ಇಡುತ್ತಿದ್ದೇನೆ.

ದೊಡ್ಡವರ ಎಡವಟ್ಟು

ಮೊದಲಿಗೆ ಹುಡುಗರಿಗೆ ಸಮಾಧಾನ ಹೇಳಬೇಕಾಗಿತ್ತು. ನರಸೀಪುರದಲ್ಲಿ ನಡೆದಂತಹ ಪ್ರಸಂಗ ವಿಶ್ವಕಪ್ಪಿನಲ್ಲಿಯೇ ನಡೆದಿದೆ. 1978ರ ಜೂನ್ 10ರಂದು ಅರ್ಜೆಂಟೀನದ ಮಾರ್ ದೆಲ್ ಪ್ಲಾತ ನಗರದಲ್ಲಿ ಫ್ರಾನ್ಸ್ ಮತ್ತು ಹಂಗೆರಿ ದೇಶಗಳ ತಂಡಗಳು ಎದುರುಬದುರಾದಾಗ ಇಬ್ಬರೂ ಬಿಳಿಯ ಅಂಗಿಯಲ್ಲಿಯೇ ಬಂದಿದ್ದರು. ಆಟ ತಡವಾಯಿತು. ಕೊನೆಗೆ ಫ್ರಾನ್ಸಿನವರು ಕಿಂಬರ್ಲಿ ಎಂಬ ಸ್ಥಳೀಯ ಕ್ಲಬ್ಬಿನ ಹಸಿರು ಬಿಳಿ ಪಟ್ಟೆಗಳ ಅಂಗಿಗಳನ್ನು ಎರವಲು ತಂದು ಆಡಿದರು. ಎರವಲು ಅಂಗಿಯಲ್ಲಿಯೇ ಗೆದ್ದರು. ಅಂಗಿಯ ಮೊದಲ ಕೆಲಸ ಅಲಂಕಾರವಲ್ಲ, ಗುರುತು ಎಂಬ ಪಾಠ ಇದರಿಂದ ದೊರೆಯುತ್ತದೆ.

ಆದ್ದರಿಂದ ನಾನು ಮೂರು ಒರೆಗಲ್ಲುಗಳನ್ನು ಇಟ್ಟುಕೊಂಡೆ. ಒಂದು, ಮೈದಾನದ ಕೊನೆಯ ಸಾಲಿನಲ್ಲಿ ಕುಳಿತ ಮುದುಕನಿಗೂ ಅಂಗಿಯ ಗುರುತು ಹತ್ತಬೇಕು. ಎರಡು, ಅದಕ್ಕೂ ತೊಟ್ಟವರ ನಾಡಿಗೂ ಏನಾದರೊಂದು ನಂಟಿರಬೇಕು. ಮೂರು, ಮೂರನೆಯ ತರಗತಿಯ ಮಗು ಅದನ್ನು ಒಮ್ಮೆ ನೋಡಿ ಸೀಮೆಸುಣ್ಣದಿಂದ ಗೋಡೆಯ ಮೇಲೆ ಬರೆಯುವಂತಿರಬೇಕು. ಗೆಲುವು ಸೋಲುಗಳನ್ನು ನಾನು ಲೆಕ್ಕಕ್ಕೆ ಹಿಡಿಯಲಿಲ್ಲ.

ಐದನೆಯ ಸ್ಥಾನ: ನೈಜೀರಿಯ, 2018

ರಷ್ಯದಲ್ಲಿ ನಡೆದ ವಿಶ್ವಕಪ್ಪಿಗೆ ನೈಜೀರಿಯ ತಂಡ ತೊಟ್ಟ ಅಂಗಿ ಎಳೆಹಸಿರು. ಅದರ ಮೇಲೆಲ್ಲ ಹಕ್ಕಿಯ ರೆಕ್ಕೆಯನ್ನು ನೆನಪಿಸುವ ಕೊಂಕುಗೆರೆಗಳು. ಆ ತಂಡಕ್ಕೆ ‘ಮಹಾ ಗರುಡಗಳು’ ಎಂಬ ಅರ್ಥದ ಬಿರುದಿದೆ; ಆದ್ದರಿಂದ ರೆಕ್ಕೆ ಸಾರ್ಥಕವೇ. ಮೂವತ್ತು ಲಕ್ಷ ಅಂಗಿಗಳಿಗೆ ಮುಂಗಡ ಬೇಡಿಕೆ ಬಂದಿತೆಂದು ಆ ದೇಶದ ಕಾಲ್ಚೆಂಡಿನ ಸಂಸ್ಥೆ ಹೇಳಿತು. ತಂಡವೇನೋ ಮೊದಲ ಸುತ್ತಿನಲ್ಲಿಯೇ ಮನೆಗೆ ಮರಳಿತು; ಅಂಗಿ ಮಾತ್ರ ಜಗತ್ತನ್ನೆಲ್ಲ ಸುತ್ತಿತು. ಆದರೆ ನನ್ನ ಮೂರನೆಯ ಒರೆಗಲ್ಲಿನಲ್ಲಿ ಅದು ಸೋತಿತು. ಅಷ್ಟೊಂದು ಗೆರೆಗಳನ್ನು ಬರೆಯುವಷ್ಟರಲ್ಲಿ ಮಗುವಿನ ಸೀಮೆಸುಣ್ಣ ಸವೆದುಹೋಗುತ್ತದೆ.

ನಾಲ್ಕನೆಯ ಸ್ಥಾನ: ಡೆನ್ಮಾರ್ಕ್, 2022

ಇದು ಮೌನದ ಅಂಗಿ. ಕತಾರಿನ ಆಟದ ಬಯಲುಗಳನ್ನು ಕಟ್ಟಲು ಪರದೇಶಗಳಿಂದ ಬಂದ ಕೂಲಿಕಾರರು ಪಟ್ಟ ಪಾಡು, ಅವರಲ್ಲಿ ಸತ್ತವರ ಸುದ್ದಿ ಜಗತ್ತಿನ ಮನಸ್ಸನ್ನು ಕಲಕಿತ್ತು. ಡೆನ್ಮಾರ್ಕಿನ ಅಂಗಿ ತಯಾರಿಸುವ ಹುಮ್ಮೆಲ್ ಸಂಸ್ಥೆ ತನ್ನ ಗುರುತನ್ನೂ ದೇಶದ ಲಾಂಛನವನ್ನೂ ಅಂಗಿಯ ಬಣ್ಣದಲ್ಲಿಯೇ ಮುಳುಗಿಸಿ, ಕಂಡೂ ಕಾಣದಂತೆ ಮಾಡಿತು. ಮೂರನೆಯ ಜೊತೆಯೊಂದನ್ನು ಪೂರ್ತಿ ಕಪ್ಪಿನಲ್ಲಿ ಹೊಲಿಯಿತು. ಅದು ಶೋಕದ ಬಣ್ಣವೆಂದು ಸಾರಿತು. ನಮ್ಮ ಕರಾವಳಿಯ ಎಷ್ಟೋ ಮನೆಗಳಲ್ಲಿ ಕೊಲ್ಲಿಯ ನಾಡಿಗೆ ದುಡಿಯಹೋದ ಮಗನ ಪಟ ತೂಗುತ್ತಿರುತ್ತದೆ. ಅಂತಹ ಮನೆಯವರಿಗೆ ಈ ಅಂಗಿಯ ಭಾಷೆ ತಿಳಿಯದಿರದು. ಬಟ್ಟೆಯೂ ಮಾತನಾಡಬಲ್ಲುದೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಆದರೆ ಮರೆಸುವುದೇ ಅದರ ಗುಣವಾದ್ದರಿಂದ, ದೂರದಿಂದ ಗುರುತು ಹತ್ತಬೇಕೆಂಬ ಮೊದಲ ಒರೆಗಲ್ಲಿಗೆ ಪೂರ್ತಿ ಒಗ್ಗದು.

ಮೂರನೆಯ ಸ್ಥಾನ: ಕ್ರೊಯೇಷಿಯ, 1998

ಕೆಂಪು ಬಿಳಿಯ ಚೌಕಗಳು. ಚದುರಂಗದ ಮಣೆಯನ್ನೇ ಎತ್ತಿ ಮೈಗೆ ತೊಡಿಸಿದಂತೆ. ಆ ಚೌಕಗಳು ಆ ನಾಡಿನ ಪುರಾತನ ಲಾಂಛನ. ಇಂದಿನ ರಾಷ್ಟ್ರಲಾಂಛನವನ್ನು ಬರೆದ ಮಿರೊಸ್ಲಾವ್ ಶುತೆಯ್ ಎಂಬ ಚಿತ್ರಕಾರರೇ ಅಂಗಿಯನ್ನೂ ರೂಪಿಸಿದರು. 1991ರಲ್ಲಿ ಸ್ವಾತಂತ್ರ್ಯ ಘೋಷಿಸಿ, ಯುದ್ಧದ ಗಾಯ ಮಾಯುವ ಮೊದಲೇ 1998ರಲ್ಲಿ ಮೊಟ್ಟಮೊದಲ ವಿಶ್ವಕಪ್ಪಿಗೆ ಬಂದ ಆ ಪುಟ್ಟ ದೇಶ ಮೂರನೆಯ ಸ್ಥಾನ ಗಳಿಸಿತು. ಅದರ ದಾವೊರ್ ಶುಕರ್ ಆರು ಗೋಲುಗಳನ್ನು ಹೊಡೆದು ಆ ಕೂಟದಲ್ಲಿ ಎಲ್ಲರಿಗಿಂತ ಮುಂದಾದ. ಭೂಪಟದಲ್ಲಿ ಕ್ರೊಯೇಷಿಯ ಎಲ್ಲಿದೆಯೆಂದು ತಿಳಿಯದವರೂ ಆ ಚೌಕಗಳನ್ನು ಮರೆಯಲಿಲ್ಲ.

ಎರಡನೆಯ ಸ್ಥಾನ: ಪೆರು, 1970

ಬಿಳಿಯ ಅಂಗಿ, ಹೆಗಲಿನಿಂದ ಸೊಂಟದವರೆಗೆ ಓರೆಯಾಗಿ ಇಳಿದ ಒಂದೇ ಒಂದು ಕೆಂಪು ಪಟ್ಟಿ. ಬೇರೇನೂ ಇಲ್ಲ. ಮೈಸೂರಿನ ದರ್ಬಾರಿನ ಚಿತ್ರಗಳಲ್ಲಿ ಹಿರಿಯರ ಹೆಗಲ ಮೇಲೆ ಕಾಣುವ ಜರಿಯ ವಲ್ಲಿಯಂತೆ, ಆ ಪಟ್ಟಿ ತೊಟ್ಟವನಿಗೆ ಒಂದು ಗಾಂಭೀರ್ಯವನ್ನು ತಂದುಕೊಡುತ್ತದೆ.

1970ರ ಮೇ 31ರಂದು ಪೆರು ದೇಶದಲ್ಲಿ ಭೀಕರ ಭೂಕಂಪವಾಗಿ ಸುಮಾರು 70,000 ಮಂದಿ ಅಸುನೀಗಿದರು. ಆಟಗಾರರಾದರೋ ಮೆಕ್ಸಿಕೋ ದೇಶದಲ್ಲಿದ್ದರು. ಜೂನ್ 2ರಂದು ಬಲ್ಗೇರಿಯದೊಡನೆ ಅವರ ಮೊದಲ ಪಂದ್ಯ. ಎರಡು ಗೋಲುಗಳ ಹಿಂದೆ ಬಿದ್ದಿದ್ದವರು ಎದ್ದು ನಿಂತು ಮೂರು ಗೋಲುಗಳನ್ನು ಹೊಡೆದು ಗೆದ್ದರು. ಊರೇ ಮಣ್ಣಾಗಿರುವಾಗ ಆಟವೇಕೆ ಎಂದು ಕೇಳುವವರಿದ್ದಾರೆ. ಮನೆಯವರನ್ನು ಕಳೆದುಕೊಂಡವನಿಗೆ ಆ ಕೆಂಪು ಪಟ್ಟಿ, ‘ನಿನ್ನ ನಾಡು ಇನ್ನೂ ಇದೆ’ ಎಂದು ಹೇಳಿರಬೇಕು. ಇಂತಹ ದಿನದ ಭಾರವನ್ನು ಹೊರಬಲ್ಲ ಅಂಗಿಯನ್ನು ನಾನು ಚೆಲುವಿನದೆಂದು ಒಪ್ಪುತ್ತೇನೆ.

ಮೊದಲ ಸ್ಥಾನ: ಬ್ರೆಜಿಲ್, 1954

ಹಳದಿಯ ಅಂಗಿ, ಹಸಿರು ಅಂಚು, ನೀಲಿ ಚಡ್ಡಿ, ಬಿಳಿಯ ಕಾಲುಚೀಲ. ಇದನ್ನು ಕಾಣದವರಿಲ್ಲ, ಇದು ಹುಟ್ಟಿದ ಕಥೆಯನ್ನು ಬಲ್ಲವರು ಕಡಿಮೆ. 1950ರ ಜುಲೈ 16ರಂದು ರಿಯೊ ನಗರದ ಮರಕಾನ ಮೈದಾನದಲ್ಲಿ, ತಮ್ಮ ಮನೆಯಂಗಳದಲ್ಲಿಯೇ, ಬ್ರೆಜಿಲಿನವರು ಉರುಗ್ವೆಗೆ 2–1ರಿಂದ ಸೋತು ವಿಶ್ವಕಪ್ಪನ್ನು ಕಳೆದುಕೊಂಡರು. ಅಂದು ಅವರು ತೊಟ್ಟಿದ್ದುದು ಬಿಳಿಯ ಅಂಗಿ. ದುಃಖದ ಮಡುವಿನಲ್ಲಿದ್ದ ಜನಕ್ಕೆ ಆ ಬಿಳುಪು ಅಪಶಕುನವೆನಿಸಿತು; ಅದರಲ್ಲಿ ನಾಡಿನ ಗುರುತೇ ಇಲ್ಲವೆನಿಸಿತು. 1953ರಲ್ಲಿ ಕೊರೆಯೊ ದ ಮನ್ಯಾ ಎಂಬ ಪತ್ರಿಕೆ ಸ್ಪರ್ಧೆಯೊಂದನ್ನು ಏರ್ಪಡಿಸಿತು. ಧ್ವಜದ ನಾಲ್ಕು ಬಣ್ಣಗಳೂ ಇರಬೇಕೆಂಬುದು ನಿಬಂಧನೆ. ಗೆದ್ದವನು ಹೆಸರಾಂತ ಕಲಾವಿದನಲ್ಲ. ದೇಶದ ದಕ್ಷಿಣದ ಅಂಚಿನಲ್ಲಿದ್ದ, ಹತ್ತೊಂಬತ್ತು ವರ್ಷದ ಅಲ್ದೀರ್ ಗಾರ್ಸಿಯ ಶ್ಲೀ ಎಂಬ ತರುಣ. ನಾಲ್ಕು ಬಣ್ಣಗಳನ್ನು ಒಂದೇ ಅಂಗಿಗೆ ತುರುಕಿದರೆ ಕಲಸುಮೇಲೋಗರವಾಗುತ್ತದೆಂದು ನೂರಕ್ಕೂ ಹೆಚ್ಚು ಚಿತ್ರಗಳನ್ನು ಬರೆದು ಬರೆದು ಕಂಡುಕೊಂಡ ಅವನು, ಅವುಗಳನ್ನು ಅಂಗಿ, ಚಡ್ಡಿ, ಕಾಲುಚೀಲಗಳಿಗೆ ಹಂಚಿದ. ಇದೇ ಅವನ ಜಾಣ್ಮೆ.

ಹುಡುಗರಿಗೆ ಹೇಳಿ ನಾನು ಸಂತೋಷಪಟ್ಟ ಸಂಗತಿ ಇನ್ನೊಂದಿದೆ. ಶ್ಲೀ ಮುಂದೆ ಕಥೆಗಾರರಾದರು, ಅಧ್ಯಾಪಕರಾದರು. ಗಡಿಯೂರಿನಲ್ಲಿ ಹುಟ್ಟಿದ ಅವರ ಒಲವು ಮಾತ್ರ ಕೊನೆಯವರೆಗೂ ಉರುಗ್ವೆಯ ತಂಡದ ಕಡೆಗಿತ್ತು! 2018ರಲ್ಲಿ ಅವರು ತೀರಿಕೊಂಡರು. ಅವರು ಬಣ್ಣ ಕೊಟ್ಟ ತಂಡ 1958, 1962, 1970, 1994, 2002ರಲ್ಲಿ ಐದು ಬಾರಿ ವಿಶ್ವಕಪ್ಪನ್ನು ಗೆದ್ದಿದೆ.

ಪಟ್ಟಿಯ ಹೊರಗಿನ ಎರಡು ಅಂಗಿಗಳು

“ಅರ್ಜೆಂಟೀನ ಎಲ್ಲಿ ಸಾರ್?” ಎಂದು ಹುಡುಗರು ಮುಖ ಸಿಂಡರಿಸಿದರು. ಅವರ ಪಟ್ಟೆಯೂ ಸೊಗಸಾದುದೇ, ಧ್ವಜದಿಂದಲೇ ಬಂದುದು. ಆದರೆ ಅವರ ಅತ್ಯಂತ ಪ್ರಸಿದ್ಧ ಅಂಗಿಗೆ ಪಟ್ಟೆಯ ಹಿರಿಮೆಯಿಲ್ಲ. 1986ರಲ್ಲಿ ಇಂಗ್ಲೆಂಡಿನೊಡನೆ ಆಡುವಾಗ ನೀಲಿಯ ಅಂಗಿ ತೊಡಬೇಕಾಯಿತು. ತಮ್ಮಲ್ಲಿದ್ದ ಹತ್ತಿಯ ಅಂಗಿಗಳು ಮೆಕ್ಸಿಕೋದ ಬಿಸಿಲಿಗೆ ಭಾರವೆಂದು, ಅಲ್ಲಿಯ ಅಂಗಡಿಯೊಂದರಿಂದ ಹಗುರವಾದವನ್ನು ಕೊಂಡುತಂದು, ಆತುರಾತುರವಾಗಿ ಲಾಂಛನ ಹೊಲಿದು, ಬೆಳ್ಳಿಬಣ್ಣದ ಅಂಕೆಗಳನ್ನು ಅಂಟಿಸಿದರು. ಮರಡೋನ ತೊಟ್ಟ ಆ ಅಂಗಿ 2022ರಲ್ಲಿ ಲಂಡನ್ನಿನ ಹರಾಜಿನಲ್ಲಿ 71 ಲಕ್ಷ ಪೌಂಡುಗಳಿಗೂ ಮಿಗಿಲಾದ ಬೆಲೆಗೆ ಹೋಯಿತು. ಆ ಬೆಲೆ ಬಂದದ್ದು ಹೊಲಿಗೆಗಲ್ಲ, ತೊಟ್ಟವನ ಕಾಲಿಗೆ.

ಎರಡನೆಯದು 1974ರ ಹಾಲೆಂಡಿನ ಕಿತ್ತಳೆ ಅಂಗಿ. ಅದರ ತೋಳುಗಳ ಮೇಲೆ ತಯಾರಕರ ಗುರುತಾದ ಮೂರು ಗೆರೆಗಳಿದ್ದುವು. ನಾಯಕ ಯೋಹಾನ್ ಕ್ರೈಫ್ ಬೇರೊಂದು ಸಂಸ್ಥೆಯೊಡನೆ ಒಪ್ಪಂದ ಮಾಡಿಕೊಂಡಿದ್ದುದರಿಂದ ಅವನ ಅಂಗಿಯಲ್ಲಿ ಮಾತ್ರ ಎರಡೇ ಗೆರೆ! ಇಲ್ಲಿಂದ ನಮ್ಮ ವರ್ತಕರ ಪ್ರಶ್ನೆಗೆ ದಾರಿ ತೆರೆಯುತ್ತದೆ. ಮೈ ಆಟಗಾರನದು, ದೇಶ ಎಲ್ಲರದು, ಹಣ ವ್ಯಾಪಾರಿಯದು. ಹಾಗಾದರೆ ಎದೆ ಯಾರದು?

ನಮ್ಮ ಮನೆಯ ಮಾತು

ಕಾಲ್ಚೆಂಡಿನ ವಿಶ್ವಕಪ್ಪಿನವರು ಇದಕ್ಕೆ ಸ್ಪಷ್ಟವಾಗಿ ಉತ್ತರಿಸಿದ್ದಾರೆ. ದೇಶದ ಅಂಗಿಯ ಮೇಲೆ ತಯಾರಕರ ಪುಟ್ಟ ಗುರುತಿಗೆ ಹೊರತು ಬೇರೆ ಜಾಹೀರಾತಿಗೆ ಎಡೆಯಿಲ್ಲ. ಕ್ರಿಕೆಟ್ಟಿನಲ್ಲಿ ಆ ಕಟ್ಟುಪಾಡಿಲ್ಲ. ಅದರ ಫಲ 2024ರಲ್ಲಿ ನಮಗೇ ದೊರೆಯಿತು. ಇಪ್ಪತ್ತು ಓವರುಗಳ ವಿಶ್ವಕಪ್ಪಿನಲ್ಲಿ ಸ್ಕಾಟ್ಲೆಂಡ್ ಮತ್ತು ಐರ್ಲೆಂಡ್ ತಂಡಗಳ ಅಂಗಿಯ ಮೇಲೆ ನಮ್ಮ ‘ನಂದಿನಿ’ಯ ಗುರುತು ರಾರಾಜಿಸಿತು. ನಂಜನಗೂಡು, ನರಸೀಪುರ ತಾಲ್ಲೂಕುಗಳ ಹಳ್ಳಿಗಳಲ್ಲಿ ಬೆಳಗಿನ ಜಾವ ಹಾಲು ಕರೆದು ಡೈರಿಗೆ ಹಾಕುವ ಹೆಣ್ಣುಮಕ್ಕಳ ಪಾಲೂ ಆ ಗುರುತಿನಲ್ಲಿ ಇದೆಯಲ್ಲವೆ ಎಂದು ಹೆಮ್ಮೆಪಟ್ಟೆ. ಜೊತೆಗೆ, ಸ್ಕಾಟ್ಲೆಂಡಿನ ಹುಡುಗನೊಬ್ಬ ತನ್ನ ದೇಶದ ಅಂಗಿಯಲ್ಲಿ ಪರನಾಡಿನ ಹಾಲಿನ ಹೆಸರನ್ನು ಓದಿ ಏನೆಂದುಕೊಂಡಿರಬಹುದೆಂದೂ ಯೋಚಿಸಿದೆ.

ನಮ್ಮವರಿಗೆ ಅಂಗಿಯ ಹಿರಿಮೆ ತಿಳಿಯದುದಲ್ಲ. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಸ್ವತಂತ್ರ ಭಾರತದ ಆಟಗಾರರಲ್ಲಿ ಹೆಚ್ಚಿನವರು ಬರಿಗಾಲಿನಲ್ಲಿಯೇ ಫ್ರಾನ್ಸನ್ನು ಎದುರಿಸಿ 2–1ರಿಂದ ಸೋತರು. ಆ ಒಂದು ಗೋಲನ್ನು ಹೊಡೆದವರು ಮೈಸೂರು ಸಂಸ್ಥಾನದ ಆಟಗಾರ ಸಾರಂಗಪಾಣಿ ರಾಮನ್. ಕಾಲಿಗೆ ಬೂಟಿಲ್ಲದಿದ್ದರೂ ಮೈಮೇಲೆ ತಮ್ಮದೇ ದೇಶದ ಅಂಗಿಯಿತ್ತು. ಮೈಸೂರೆಂಬ ಹೆಸರಿನಲ್ಲಿ ಸಂತೋಷ್ ಟ್ರೋಫಿಯನ್ನು ನಾಲ್ಕು ಬಾರಿ ಗೆದ್ದ ನಮ್ಮ ನಾಡು, 1969ರ ತರುವಾಯ ಐವತ್ತನಾಲ್ಕು ವರ್ಷ ಕಾದು, 2023ರ ಮಾರ್ಚಿನಲ್ಲಿ ರಿಯಾದ್ ನಗರದಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ, ಕರ್ನಾಟಕವೆಂಬ ಹೆಸರಿನಲ್ಲಿ ಮೊದಲ ಬಾರಿಗೆ ಅದನ್ನು ತಂದಿತು.

ಇಷ್ಟನ್ನೂ ಹೇಳಿ ಮುಗಿಸಿ, “ಯಾವ ದೇಶದ ಅಂಗಿಯನ್ನೂ ನಕಲು ಮಾಡಬೇಡಿ. ಶ್ಲೀಯೂ ನಿಮ್ಮ ವಯಸ್ಸಿನವನೇ. ಕಾಗದ ಪೆನ್ಸಿಲು ತನ್ನಿ” ಎಂದೆ. ನರಸೀಪುರದವರಿಗೂ ಸುದ್ದಿ ಮುಟ್ಟಿಸಿದೆವು. ಅಲ್ಲಿ ಸರ್ಕಾರದ ರೇಷ್ಮೆ ನೂಲಿನ ಕಾರ್ಖಾನೆಯಿದೆಯಲ್ಲ, ಅವರು ರೇಷ್ಮೆಯ ಅಂಗಿಯಲ್ಲಿಯೇ ಬರುತ್ತಾರೆಂದು ನಮ್ಮವರು ನಕ್ಕರು. ಬಂದದ್ದು ಬೇರೆಯೇ. ಎರಡು ಹೆಗಲುಗಳಿಂದ ಇಳಿದ ಎರಡು ನೀಲಿ ಗೆರೆಗಳು ಎದೆಯ ಮೇಲೆ ಕೂಡಿ ಒಂದಾಗಿ ಹರಿಯುವ ಚಿತ್ರವನ್ನು ಫೋನಿನಲ್ಲಿ ಕಳುಹಿಸಿದ್ದರು. ಕಪಿಲೆ, ಕಾವೇರಿ, ಸಂಗಮ! ನೋಡಿ ನಮ್ಮವರ ನಗು ನಿಂತಿತು.

ನಮ್ಮ ಚಿತ್ರವನ್ನು ಬರೆದವನು ಅಂದು ಚೆಂಡನ್ನು ತಪ್ಪಿ ಕೊಟ್ಟ ಹುಡುಗನೇ. ಹಳದಿಯ ಅಂಗಿ, ನಡುವೆ ಅಡ್ಡಲಾಗಿ ಒಂದು ಕಂದುಗೆರೆ. “ಇದು ಬ್ರೆಜಿಲಿನದಲ್ಲವೇನಯ್ಯ?” ಎಂದೆ. “ಅಲ್ಲ ಸಾರ್, ನಂಜನಗೂಡಿನ ರಸಬಾಳೆ” ಎಂದ. ಕೋಣೆಯೆಲ್ಲ ನಕ್ಕಿತು, ಬಸ್ಸಿನಲ್ಲಿ ಅವನೊಡನೆ ಮಾತು ಬಿಟ್ಟಿದ್ದವರೂ ನಕ್ಕರು.

ಉಳಿದುದು ವರ್ತಕರ ಮಾತು. ಹುಡುಗರೊಡನೆ ನಾನೂ ಅವರ ಅಂಗಡಿಗೆ ಹೋದೆ. ಚಿತ್ರವನ್ನು ಬಹಳ ಹೊತ್ತು ನೋಡಿದರು. ಅವರ ತಂದೆಯವರು ರಸಬಾಳೆಯ ತೋಟ ಮಾಡಿದ್ದವರಂತೆ. “ಎದೆ ಊರಿಗೇ ಇರಲಿ ಮೇಷ್ಟ್ರೇ, ತೋಳಿನ ಮೇಲೆ ನಮ್ಮದೊಂದು ಸಣ್ಣ ಹೆಸರು ಬರೆಸಿ” ಎಂದರು. ಹುಡುಗರು ಒಪ್ಪಿದರು.

ನಂಜುಂಡೇಶ್ವರನ ಜಾತ್ರೆಯ ಅನಂತರ ನರಸೀಪುರದವರು ನಮ್ಮಲ್ಲಿಗೆ ಬರುತ್ತಾರೆ. ಯಾರು ಗೆಲ್ಲುವರೋ ನಾನರಿಯೆ. ನಮ್ಮ ಹುಡುಗ ಈ ಸಲ ಚೆಂಡನ್ನು ಕೊಟ್ಟರೆ ಮಾತ್ರ ಅದು ನಮ್ಮ ಅಂಗಿಗೇ ಸೇರುತ್ತದೆ.