ಹಗಲಿನಲ್ಲಿ ಹೆಡ್‌ಲೈಟ್: ದುಂದೋ, ದೂರದೃಷ್ಟಿಯೋ?

ಹಾಸನದ ಪೇಟೆಯಲ್ಲಿ ನಡುಹಗಲು ದೀಪ ಉರಿಸಿಕೊಂಡು ಸಾಗುವ ಬೈಕ್ ಸವಾರನಿಗೆ ಎದುರಿನಿಂದ ಬರುವವರು ಕೈಬೆರಳುಗಳನ್ನು ಮುಚ್ಚಿ ತೆರೆದು ಸನ್ನೆ ಮಾಡುವುದುಂಟು. ದೀಪ ಆರಿಸಲು ಮರೆತಿದ್ದೀರಿ ಎಂಬುದು ಅದರ ಅರ್ಥ. ವಾಸ್ತವವಾಗಿ ಅದು ಮರೆವಲ್ಲ, ಕಾನೂನು. 2017ರ ಏಪ್ರಿಲ್ 1ರಿಂದ ತಯಾರಾಗುವ ದ್ವಿಚಕ್ರ ವಾಹನಗಳಲ್ಲಿ ಎಂಜಿನ್ ಚಾಲನೆಗೊಂಡ ಕೂಡಲೇ ಹೆಡ್‌ಲೈಟ್ ತಾನಾಗಿ ಹೊತ್ತಿಕೊಳ್ಳಬೇಕೆಂದು ಕೇಂದ್ರ ಸರ್ಕಾರ ಕಡ್ಡಾಯಗೊಳಿಸಿದೆ. ಆದರೆ ಕಾರು, ವ್ಯಾನು, ಲಾರಿಗಳ ಚಾಲಕರು ಹಗಲಿಡೀ ದೀಪ ಉರಿಸಬೇಕೆಂಬ ನಿಯಮವಿಲ್ಲ. ಆದ್ದರಿಂದ ಸರಕು ಸಾಗಿಸುವ ವಾಹನಗಳ ಮಟ್ಟಿಗೆ ಈ ತೀರ್ಮಾನ ಮಾಲೀಕರಿಗೇ ಸೇರಿದ್ದು.

ಕಾನೂನಿನ ಅಳತೆಗೋಲು

1989ರ ಕೇಂದ್ರ ಮೋಟಾರು ವಾಹನ ನಿಯಮಾವಳಿಯ 105ನೆಯ ನಿಯಮವು ದೀಪ ಉರಿಸುವುದನ್ನು ರಾತ್ರಿಗೆ ಮಾತ್ರ ಸೀಮಿತಗೊಳಿಸಿಲ್ಲ. ಸಾಕಷ್ಟು ಬೆಳಕಿಲ್ಲದಿದ್ದರೆ, ಅದು ಯಾವ ಹೊತ್ತೇ ಆಗಿರಲಿ, ಮುಂದೆ 155 ಮೀಟರ್ ದೂರದಲ್ಲಿರುವ ಜನರು ಹಾಗೂ ವಾಹನಗಳು ಸ್ಪಷ್ಟವಾಗಿ ಕಾಣುವಂತೆ ದೀಪ ಉರಿಯುತ್ತಿರಬೇಕು. ತಲಾ 60 ಕಿ.ಮೀ. ವೇಗದಲ್ಲಿ ಎದುರುಬದುರಾಗಿ ಬರುವ ಎರಡು ವಾಹನಗಳ ನಡುವಣ 155 ಮೀಟರ್ ಅಂತರ ಐದು ಸೆಕೆಂಡುಗಳೊಳಗೆ ಕರಗಿಹೋಗುತ್ತದೆ. ಮುಂದಿನ ಟ್ರ್ಯಾಕ್ಟರನ್ನು ಹಿಂದಿಕ್ಕಲು ಹೊರಟ ಚಾಲಕನಿಗೆ ದೊರೆಯುವ ಕಾಲಾವಕಾಶ ಅಷ್ಟೇ. ಎದುರಿನ ವಾಹನ ಒಂದೆರಡು ಸೆಕೆಂಡು ಮೊದಲೇ ಕಂಡರೆ ಆತ ತನ್ನ ಸಾಲಿನಲ್ಲಿಯೇ ಉಳಿಯುವ ಸಾಧ್ಯತೆ ಹೆಚ್ಚು.

ಜಿಲ್ಲೆಯ ರಸ್ತೆಗಳಲ್ಲಿ

ಹಾಸನದಿಂದ ಚನ್ನರಾಯಪಟ್ಟಣಕ್ಕೆ ಸಾಗುವ ರಾಷ್ಟ್ರೀಯ ಹೆದ್ದಾರಿ 75ರಲ್ಲಿ ನಡುವೆ ವಿಭಜಕವಿರುವುದರಿಂದ ಮುಖಾಮುಖಿ ಡಿಕ್ಕಿಯ ಭಯ ಕಡಿಮೆ. ಆದರೂ ಬೆಳಗಿನ ವೇಳೆ ಪೂರ್ವದಿಂದ ಬರುವ ವಾಹನಗಳು ಸೂರ್ಯನ ಪ್ರಖರ ಬೆಳಕಿನಲ್ಲಿ ಕರಿನೆರಳಾಗಿ ಕಾಣುತ್ತವೆ. ರಸ್ತೆ ದಾಟಲು ನಿಂತ ಹಳ್ಳಿಗರು ಅವುಗಳ ದೂರವನ್ನು ಅಂದಾಜು ಮಾಡಲಾರರು. ಸಂಜೆ ಪಶ್ಚಿಮದ ಕಡೆಯಿಂದ ಬರುವ ವಾಹನಗಳದೂ ಇದೇ ಸ್ಥಿತಿ.

ಅರಕಲಗೂಡು ಹಾಗೂ ಹೊಳೆನರಸೀಪುರದ ಕಡೆಯ ವಿಭಜಕವಿಲ್ಲದ ರಸ್ತೆಗಳಲ್ಲಿ ಅಪಾಯ ಇನ್ನೂ ಹೆಚ್ಚು. ಸಾಲುಮರಗಳ ನೆರಳಿನಲ್ಲಿ ಬೂದು ಅಥವಾ ಹಸಿರು ಬಣ್ಣದ ವಾಹನ ಹತ್ತಿರಕ್ಕೆ ಬರುವವರೆಗೂ ಕಣ್ಣಿಗೆ ಬೀಳದು. ಚಳಿಗಾಲದ ಬೆಳಗಿನಲ್ಲಿ ಗೊರೂರು ಜಲಾಶಯದ ಸುತ್ತಮುತ್ತ ಮತ್ತು ಹೇಮಾವತಿಯ ದಂಡೆಯಲ್ಲಿ ಮಂಜು ಕವಿಯುತ್ತದೆ. ಮುಂಗಾರಿನ ಆಲೂಗೆಡ್ಡೆ ಮಾರುಕಟ್ಟೆಗೆ ಬರುವ ಆಗಸ್ಟ್–ಸೆಪ್ಟೆಂಬರ್ ತಿಂಗಳುಗಳಲ್ಲಿ ಮಳೆ, ಮೋಡಗಳ ಕಾಟ. ವಹಿವಾಟು ಬಿರುಸಾಗಿರುವ ವೇಳೆಯೇ ಬೆಳಕು ಮಂದವಾಗಿರುವ ವೇಳೆಯೂ ಹೌದು.

ಖರ್ಚಿನ ಲೆಕ್ಕ

ದೀಪ ಉರಿಸಿದರೆ ಇಂಧನ ವ್ಯಯವಾಗುತ್ತದೆಂಬ ಆಕ್ಷೇಪ ಸುಳ್ಳಲ್ಲ. ಆದರೆ ಅದರ ಪ್ರಮಾಣವನ್ನು ಗಮನಿಸಬೇಕು. 55 ವ್ಯಾಟಿನ ಎರಡು ಹ್ಯಾಲೊಜೆನ್ ಬಲ್ಬುಗಳು, ಹಿಂಬದಿಯ ದೀಪಗಳು ಸೇರಿ ಸುಮಾರು 150 ವ್ಯಾಟ್. ಇದಕ್ಕೆ ಬೇಕಾಗುವ ಡೀಸೆಲ್ ಗಂಟೆಗೆ 100 ಮಿಲಿಲೀಟರಿಗಿಂತ ಕಡಿಮೆ. ದಿನಕ್ಕೆ ನಾಲ್ಕು ಗಂಟೆ ಓಡುವ ವ್ಯಾನಿಗೆ ಅರ್ಧ ಲೀಟರೂ ತಗಲದು. ಎಲ್‌ಇಡಿ ದೀಪಗಳಿಗೆ ಇನ್ನೂ ಕಡಿಮೆ ಸಾಕು. ಬಲ್ಬು ಬೇಗ ಸುಡಬಹುದು. ಅದನ್ನು ನಿರ್ವಹಣಾ ವೆಚ್ಚಕ್ಕೆ ಸೇರಿಸಿಕೊಳ್ಳಬೇಕು.

ವಿದೇಶಗಳ ಅನುಭವ

ಫಿನ್ಲೆಂಡ್ 1972ರಲ್ಲಿ ಚಳಿಗಾಲದ ಗ್ರಾಮಾಂತರ ರಸ್ತೆಗಳಿಗೆ, ಸ್ವೀಡನ್ 1977ರಲ್ಲಿ ಎಲ್ಲ ರಸ್ತೆಗಳಿಗೆ ಹಗಲು ದೀಪವನ್ನು ಕಡ್ಡಾಯಗೊಳಿಸಿದವು. ಐರೋಪ್ಯ ಒಕ್ಕೂಟವು 2011ರಿಂದ ಹೊಸ ಮಾದರಿಯ ಕಾರುಗಳಿಗೆ, 2012ರಿಂದ ಲಾರಿ, ಬಸ್ಸುಗಳಿಗೆ ಪ್ರತ್ಯೇಕ ಹಗಲು ದೀಪಗಳನ್ನು ವಿಧಿಸಿತು. ಆದರೆ ಆಸ್ಟ್ರಿಯಾ 2005ರಲ್ಲಿ ತಂದ ನಿಯಮವನ್ನು 2008ರ ಆರಂಭದಲ್ಲಿ ಹಿಂತೆಗೆದುಕೊಂಡಿತು. ಕಾರುಗಳೆಲ್ಲ ದೀಪ ಉರಿಸಿದರೆ ಪಾದಚಾರಿ, ಸೈಕಲ್ ಸವಾರರು ಗಮನದಿಂದ ಮರೆಯಾಗುತ್ತಾರೆಂಬ ಕಳವಳ ಅಲ್ಲಿ ವ್ಯಕ್ತವಾಗಿತ್ತು. ಉತ್ತರ ಯೂರೋಪಿನ ಮಂದ ಹಗಲಿಗೂ ಇಲ್ಲಿಯ ಬಿಸಿಲಿಗೂ ವ್ಯತ್ಯಾಸವಿದೆ. ಆದ್ದರಿಂದ ಅಲ್ಲಿಯ ನಿಯಮವನ್ನು ಯಥಾವತ್ತಾಗಿ ಅನುಸರಿಸಬೇಕಾಗಿಲ್ಲ. ಜನಸಂದಣಿಯ ಪೇಟೆಬೀದಿಯಲ್ಲಿ ದೀಪಕ್ಕಿಂತ ನಿಧಾನಗತಿಯೇ ಮುಖ್ಯ. ಊರ ಹೊರಗಿನ ರಸ್ತೆಯಲ್ಲಿ ದೀಪ ಖಂಡಿತ ಉಪಯುಕ್ತ.

ಮಾಲೀಕರು ಮಾಡಬಹುದಾದುದು

ಸ್ವಂತ ವಾಹನಗಳಿರುವ ವರ್ತಕರು ಹಾಗೂ ಸಣ್ಣ ಕೈಗಾರಿಕೆಗಳವರು ಸರಳ ಕಟ್ಟಳೆಯೊಂದನ್ನು ಜಾರಿಗೆ ತರಬಹುದು. ಊರ ಗಡಿ ದಾಟಿದೊಡನೆ ಡಿಮ್ ದೀಪ ಹಾಕಬೇಕು. ಹಗಲಾಗಲಿ ಮಂಜಿನಲ್ಲಾಗಲಿ ಬ್ರೈಟ್ ಬಳಸಕೂಡದು. ಹೊಸ ಕಾರು, ವ್ಯಾನುಗಳ ಮುಂಭಾಗದ ಹಗಲು ದೀಪವನ್ನು ನಂಬಿ ಮಂಜು, ಮಳೆಯಲ್ಲಿ ಓಡಿಸುವುದು ತಪ್ಪು. ಅನೇಕ ವಾಹನಗಳಲ್ಲಿ ಆಗ ಹಿಂಬದಿಯ ದೀಪ ಉರಿಯುವುದಿಲ್ಲ. ಸರಕಿನ ಭಾರದಿಂದ ವಾಹನದ ಹಿಂಭಾಗ ಕುಗ್ಗಿದಾಗ ದೀಪದ ಕಿರಣ ಮೇಲೇಳುವುದರಿಂದ ಅದರ ಕೋನವನ್ನು ಸರಿಪಡಿಸಿಕೊಳ್ಳಬೇಕು. ಹಿಂಭಾಗದ ಪ್ರತಿಫಲನ ಪಟ್ಟಿಯನ್ನು ಕೆಸರಿನಿಂದ ಮುಕ್ತವಾಗಿಡಬೇಕು. ಸಿಬ್ಬಂದಿಯ ಬೈಕಿಗೆ ದೀಪ ಆರಿಸುವ ಸ್ವಿಚ್ ಕೂರಿಸಿದ್ದರೆ ತೆಗೆಸಬೇಕು.

ಹಾಳಾದ ಸರಕಿಗೆ ವಿಮೆ ದೊರೆಯಬಹುದು. ಮುಂಜಾನೆ ಗೋದಾಮಿನಿಂದ ಹೊರಟ ಚಾಲಕನ ಮನೆಯವರಿಗೆ ಆತನನ್ನು ಮರಳಿ ಕೊಡುವ ವಿಮೆಯಿಲ್ಲ. ದಿನಕ್ಕೆ ಅರ್ಧ ಲೀಟರಿಗೂ ಕಡಿಮೆ ಡೀಸೆಲಿನ ಈ ವೆಚ್ಚವನ್ನು ದುಂದೆಂದು ಬಗೆಯುವ ಮುನ್ನ ಮಾಲೀಕರು ಈ ಮಾತನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳುವುದು ಒಳಿತು.