75 ಸೆಂಟಿನ ಕಥೆ ಆರು ಡಾಲರ್ ಆದ ಲೆಕ್ಕ

1985ರ ಆಗಸ್ಟ್‌ನಲ್ಲಿ ಅಮೆರಿಕದ ಎಕ್ಲಿಪ್ಸ್ ಕಾಮಿಕ್ಸ್ ಹೊರತಂದ 'ಮಿರಾಕಲ್‌ಮ್ಯಾನ್' ಮೊದಲ ಸಂಚಿಕೆಯ ಮುಖಬೆಲೆ 75 ಸೆಂಟ್. ಅದೇ ಕಥೆಯನ್ನು 2014ರ ಜನವರಿಯಲ್ಲಿ ಮಾರ್ವೆಲ್ ಕಂಪನಿ ಮರುಮುದ್ರಿಸಿದಾಗ ಮೊದಲ ಸಂಚಿಕೆಗೆ 5 ಡಾಲರ್ 99 ಸೆಂಟ್ ಎಂದು ಅಚ್ಚು ಹಾಕಿತು. ಹತ್ತಿರ ಹತ್ತಿರ ಎಂಟು ಪಟ್ಟು. ಬರೆದವರು ಅವರೇ, ಚಿತ್ರ ಬಿಡಿಸಿದವರೂ ಅವರೇ.

ಬೆಲೆಯೇರಿಕೆಯ ತಲೆಗೆ ಕಟ್ಟೋಣವೆಂದರೆ ಲೆಕ್ಕ ಕೂಡುವುದಿಲ್ಲ. ಆ ಇಪ್ಪತ್ತೆಂಟು ವರ್ಷಗಳಲ್ಲಿ ಅಮೆರಿಕದ ಗ್ರಾಹಕ ಬೆಲೆ ಏರಿದ್ದು ಸುಮಾರು 2.2 ಪಟ್ಟು. ಹಾಗಾಗಿ 1985ರ 75 ಸೆಂಟ್ ಎಂದರೆ 2014ರ 1 ಡಾಲರ್ 65 ಸೆಂಟ್. ಉಳಿದ 4 ಡಾಲರ್ 34 ಸೆಂಟ್ ಯಾವ ಬಾಬ್ತು?

ಅದರಲ್ಲಿ ದೊಡ್ಡ ಪಾಲು ಕಾಮಿಕ್ಸ್ ವ್ಯಾಪಾರದ್ದೇ ಏರಿಕೆ. 1985ರ ಆಗಸ್ಟ್ ಹೊತ್ತಿಗೆ ಮಾರ್ವೆಲ್‌ನ ಸಾಮಾನ್ಯ ಸಂಚಿಕೆ 65 ಸೆಂಟಿಗೆ ಸಿಗುತ್ತಿತ್ತು. 2014ರಲ್ಲಿ ಅದರ ಬಹಳಷ್ಟು ಮಾಲಿಕೆಗಳು 3 ಡಾಲರ್ 99 ಸೆಂಟಿಗೆ ನಿಂತಿದ್ದವು. ಆರು ಪಟ್ಟು. ಅಂದರೆ ಮಿರಾಕಲ್‌ಮ್ಯಾನ್ ಮೇಲೆ ವಿಶೇಷವಾಗಿ ಬಿದ್ದ ಹೊರೆ ಎರಡು ಡಾಲರ್. ಆ ಎರಡು ಡಾಲರಿಗೆ ಮಾರ್ವೆಲ್ ಕೊಟ್ಟ ಸಮಜಾಯಿಷಿ 64 ಪುಟ. ಆದರೆ ಆ ಪುಟಗಳಲ್ಲಿ ಓದುಗರು ಕಾದಿದ್ದ ಎಂಬತ್ತರ ದಶಕದ ಕಥೆಯ ಜೊತೆಗೆ ಐವತ್ತರ ದಶಕದ ಕಪ್ಪು-ಬಿಳುಪು ಕಥೆಗಳೂ ಸಂದರ್ಶನವೂ ತುಂಬಿದ್ದವು. ಮುಂದಿನ ಸಂಚಿಕೆಗಳ ಬೆಲೆ 4 ಡಾಲರ್ 99ಕ್ಕೆ ಇಳಿಯಿತು, ದುಬಾರಿ ಎಂಬ ಓದುಗರ ದೂರು ಮಾತ್ರ ಇಳಿಯಲಿಲ್ಲ.

ಪುಟವಾರು ಎಣಿಸಿದರೆ ಎರಡೂ ಕಡೆಯವರು ಗೆಲ್ಲುತ್ತಾರೆ. 5.99 ಡಾಲರನ್ನು 64ರಿಂದ ಭಾಗಿಸಿದರೆ ಪುಟಕ್ಕೆ 9 ಸೆಂಟ್ ಚಿಲ್ಲರೆ. ಇಪ್ಪತ್ತು ಪುಟದ ಕಥೆಯುಳ್ಳ 3.99ರ ಮಾಮೂಲಿ ಸಂಚಿಕೆಯಲ್ಲಿ ಕಥೆಯ ಪುಟವೊಂದಕ್ಕೆ 20 ಸೆಂಟ್. ಹೀಗೆ ನೋಡಿದರೆ ಮಾರ್ವೆಲ್ ಅಗ್ಗಕ್ಕೇ ಕೊಟ್ಟಿದೆ. ಇನ್ನು ಓದುಗರ ಲೆಕ್ಕಕ್ಕೆ ಅದೇ ವರ್ಷ ಬಂದ ಗಟ್ಟಿ ರಟ್ಟಿನ ಮೊದಲ ಸಂಪುಟ 'ಎ ಡ್ರೀಮ್ ಆಫ್ ಫ್ಲೈಯಿಂಗ್' ತೆಗೆದುಕೊಳ್ಳಿ: 176 ಪುಟ, 29 ಡಾಲರ್ 99 ಸೆಂಟ್, ಪುಟಕ್ಕೆ 17 ಸೆಂಟ್. ಮುಖ್ಯ ಕಥೆ ಹಿಡಿದಿರುವುದು ಸರಿಸುಮಾರು ಅರ್ಧ ಪುಸ್ತಕವನ್ನು. ಉಳಿದದ್ದು ಕರಡು ಚಿತ್ರ, ಮುಖಪುಟಗಳ ಬೇರೆ ಬೇರೆ ರೂಪ, ಪೂರಕ ಸಾಮಗ್ರಿ. ಕಥೆಯನ್ನಷ್ಟೇ ಎಣಿಸಿದರೆ ಪುಟಕ್ಕೆ 34 ಸೆಂಟ್ ಬೀಳುತ್ತದೆ. ನನ್ನ ಮಟ್ಟಿಗೆ ಓದುಗರು ಎಣಿಸಿದ್ದೇ ಸರಿ. ಕೇಳದೆ ಬಡಿಸಿದ್ದಕ್ಕೆ ಬಿಲ್ಲು ಹಾಕುವುದು ನ್ಯಾಯವಲ್ಲ. ಆದರೂ ಮಾರ್ವೆಲ್ ಪರವಾಗಿ ಒಂದು ಮಾತು ಹೇಳಬೇಕು: ಹಳೆಯ ಅಚ್ಚನ್ನು ಹಾಗೇ ತೆಗೆದು ಯಂತ್ರಕ್ಕೆ ಹಾಕಿದ ಕೆಲಸ ಅದಲ್ಲ. ಪುಟಗಳನ್ನು ಹೊಸದಾಗಿ ಶುದ್ಧಮಾಡಿ, ಸ್ಟೀವ್ ಓಲಿಫ್ ಅವರಿಂದ ಮತ್ತೆ ಬಣ್ಣ ಹಾಕಿಸಿ, ಮಾತಿನ ಗುಳ್ಳೆಗಳ ಅಕ್ಷರವನ್ನೂ ಬದಲಿಸಿ ಅಚ್ಚು ಮಾಡಿದ್ದು. ಅದಕ್ಕೆ ಕೂಲಿ ಉಂಟು.

ಹಳೆಯ ಕಥೆ ತುಂಬಿ ಸಂಚಿಕೆ ದಪ್ಪ ಮಾಡುವುದು ಮಾರ್ವೆಲ್ ಹೂಡಿದ ಉಪಾಯವೂ ಅಲ್ಲ. 1986ರಲ್ಲಿ ಕ್ಯಾಲಿಫೋರ್ನಿಯಾದ ಗರ್ನ್‌ವಿಲ್ ಊರಿನಲ್ಲಿದ್ದ ಎಕ್ಲಿಪ್ಸ್ ಕಚೇರಿಗೆ ನೆರೆ ನುಗ್ಗಿದಾಗ 8ನೇ ಸಂಚಿಕೆಯನ್ನು ಇದೇ ಐವತ್ತರ ದಶಕದ ಕಥೆಗಳಿಂದ ತುಂಬಿಸಿ ಕಳಿಸಿದ್ದರು. ಆಗ ನೆಪವಾದರೂ ನೀರಿನದ್ದಿತ್ತು.

ಬೆಲೆಯ ಜಗಳದ ಬೇರು ಹಕ್ಕಿನ ಜಗಳದಲ್ಲಿದೆ. ಅದಕ್ಕೆ 1940ಕ್ಕೆ ಹೋಗಬೇಕು. ಆ ವರ್ಷ ಫಾಸೆಟ್ ಕಂಪನಿ 'ಕ್ಯಾಪ್ಟನ್ ಮಾರ್ವೆಲ್' ಎಂಬ ವೀರನನ್ನು ಬಿಟ್ಟಿತು. ಮರುವರ್ಷವೇ ನ್ಯಾಷನಲ್ ಕಾಮಿಕ್ಸ್ (ಇಂದಿನ ಡಿಸಿ) ಇದು ನಮ್ಮ ಸೂಪರ್‌ಮ್ಯಾನ್‌ನ ನಕಲು ಎಂದು ದಾವೆ ಹೂಡಿತು. ದಾವೆ ನಡೆಯುತ್ತಲೇ ಇತ್ತು, ಪುಸ್ತಕವೂ ಮಾರುತ್ತಲೇ ಇತ್ತು: 1944ರಲ್ಲಿ 'ಕ್ಯಾಪ್ಟನ್ ಮಾರ್ವೆಲ್ ಅಡ್ವೆಂಚರ್ಸ್' ಒಂದೇ ಸುಮಾರು 1.4 ಕೋಟಿ ಪ್ರತಿ ಖರ್ಚಾಯಿತು. 1951ರಲ್ಲಿ ಮೇಲ್ಮನವಿಯ ತೀರ್ಪು ಫಾಸೆಟ್‌ಗೆ ಪ್ರತಿಕೂಲವಾಯಿತು; 1953ರಲ್ಲಿ 4 ಲಕ್ಷ ಡಾಲರ್ ಕೊಟ್ಟು, ಪಾತ್ರವನ್ನು ಕೈಬಿಡುವ ರಾಜಿಯಾಯಿತು. ಹತ್ತು ಸೆಂಟಿನ ಪುಸ್ತಕದ ಲೆಕ್ಕದಲ್ಲಿ ಅದು 40 ಲಕ್ಷ ಪ್ರತಿಗಳ ಮುಖಬೆಲೆ, ಅಂದರೆ 1944ರ ವೇಗದಲ್ಲಿ ಮೂರೂವರೆ ತಿಂಗಳ ಮಾರಾಟ. ಮೊತ್ತಕ್ಕಿಂತ ಮಾರುಕಟ್ಟೆ ಕುಸಿದಿದ್ದೇ ಫಾಸೆಟ್‌ನ ಕೈ ಕಟ್ಟಿರಬೇಕು ಎಂದು ನನ್ನ ಊಹೆ.

ಅಮೆರಿಕದಲ್ಲಿ ಅಂಗಡಿ ಮುಚ್ಚಿದರೆ ಲಂಡನ್ನಿನಲ್ಲಿ ಎಲ್. ಮಿಲ್ಲರ್ ಎಂಬ ಪ್ರಕಾಶಕ ಬರಿಗೈಯಾದ. ಕ್ಯಾಪ್ಟನ್ ಮಾರ್ವೆಲ್ ಕಥೆಗಳನ್ನು ಅಲ್ಲಿ ಮರುಮುದ್ರಿಸಿ ಮಾರುತ್ತಿದ್ದವನು ಆತ. ಮಿಕ್ ಆಂಗ್ಲೋ ಎಂಬ ಚಿತ್ರಕಾರರನ್ನು ಕರೆದು ಬದಲಿ ವೀರನೊಬ್ಬನನ್ನು ಮಾಡಿಸಿದ. 1954ರ ಫೆಬ್ರುವರಿ 3ರ ತಾರೀಖು ಹೊತ್ತ 'ಮಾರ್ವೆಲ್‌ಮ್ಯಾನ್' ಶುರುವಾದದ್ದು 25ನೇ ಸಂಚಿಕೆಯಿಂದ. ಹಳೆಯ ಪತ್ರಿಕೆಯ ಎಣಿಕೆಯನ್ನೇ ಮುಂದುವರಿಸಿ ಗಿರಾಕಿ ತಪ್ಪದಂತೆ ನೋಡಿಕೊಂಡ ಜಾಣತನ. 1963ರಲ್ಲಿ 370ಕ್ಕೆ ನಿಂತಾಗ 346 ಸಂಚಿಕೆ ಬಂದಿದ್ದವು. ಇಷ್ಟಕ್ಕೂ ಆ ಪಾತ್ರ ಮಿಲ್ಲರನದೋ ಆಂಗ್ಲೋರದೋ ಎಂದು ಯಾರೂ ಆಗ ವಿಚಾರಿಸಲಿಲ್ಲ.

ವಿಚಾರಿಸದೆಯೇ 1982ರ ಮಾರ್ಚ್‌ನಲ್ಲಿ ಡೆಜ್ ಸ್ಕಿನ್ ತಮ್ಮ 'ವಾರಿಯರ್' ಪತ್ರಿಕೆಯಲ್ಲಿ ಮಾರ್ವೆಲ್‌ಮ್ಯಾನ್‌ನನ್ನು ಎಬ್ಬಿಸಿದರು. ಬರೆದವರು ಅಲನ್ ಮೂರ್, ಚಿತ್ರ ಗ್ಯಾರಿ ಲೀಚ್, ಆಮೇಲೆ ಅಲನ್ ಡೇವಿಸ್. ದೊಡ್ಡ ಸಂಭಾವನೆ ಕೊಡಲಾಗದ ಪತ್ರಿಕೆ ಹಕ್ಕಿನಲ್ಲೇ ಪಾಲು ಕೊಟ್ಟಿತು. ಕೈಯಲ್ಲಿ ಪಹಣಿಯೇ ಇಲ್ಲದ ಜಮೀನನ್ನು ಪಾಲು ಮಾಡಿ ಹಂಚಿದ ಹಾಗೆ. ಹಂಚಿಕೊಂಡವರೆಲ್ಲ ಮುಂದೆ ತಂತಮ್ಮ ಪಾಲನ್ನು ಇನ್ನೊಬ್ಬರಿಗೆ ದಾಟಿಸಿದರು: ಡೇವಿಸ್ ತಮ್ಮದನ್ನು ಲೀಚ್‌ಗೆ, ಮೂರ್ ತಮ್ಮದನ್ನು, ತಮ್ಮ ನಂತರ ಈ ಕಥೆ ಬರೆದ ನೀಲ್ ಗೇಮನ್‌ಗೆ. ನಡುವೆ 'ಮಾರ್ವೆಲ್' ಎಂಬ ಹೆಸರಿಗೆ ಮಾರ್ವೆಲ್ ಕಂಪನಿ ತಕರಾರು ತೆಗೆಯಿತು. ಅದಕ್ಕೇ ಎಕ್ಲಿಪ್ಸ್ ಮೂಲಕ ಅಮೆರಿಕಕ್ಕೆ ಬಂದಾಗ ಆತ ಮಿರಾಕಲ್‌ಮ್ಯಾನ್ ಆದದ್ದು. ತನ್ನ ಚಿತ್ರಗಳನ್ನು ಎಕ್ಲಿಪ್ಸ್ ಅಚ್ಚುಮಾಡಿದ್ದು ತನ್ನ ಒಪ್ಪಿಗೆಯಿಲ್ಲದೆ ಎಂದು ಡೇವಿಸ್ ಹೇಳುತ್ತಲೇ ಬಂದರು.

ಎಕ್ಲಿಪ್ಸ್ 24 ಸಂಚಿಕೆ ತಂದಿತು. ಕೊನೆಯದು 1993ರಲ್ಲಿ, 25ನೆಯದು ಸಿದ್ಧವಾಗಿದ್ದೂ ಅಚ್ಚಾಗಲಿಲ್ಲ. ಕಂಪನಿ ದಿವಾಳಿಯೆದ್ದಿತು. 1996ರಲ್ಲಿ ಅದರ ಆಸ್ತಿಯನ್ನು 'ಸ್ಪಾನ್' ಖ್ಯಾತಿಯ ಟಾಡ್ ಮ್ಯಾಕ್‌ಫಾರ್ಲೇನ್ 25,000 ಡಾಲರಿಗೆ ಕೊಂಡರು. ಇದು 2014ರ ಮೊದಲ ಸಂಚಿಕೆಯ 4,174 ಪ್ರತಿಗಳ ಮುಖಬೆಲೆಗೆ ಸಮ. ಇಡೀ ಪ್ರಕಾಶನವೊಂದರ ಗಂಟು ಇಷ್ಟು ಅಗ್ಗಕ್ಕೆ ಹೋಯಿತೆಂದರೆ ಕೊಳ್ಳುವವರಿಗೆ ಅದರೊಳಗಿನ ಹಕ್ಕುಗಳ ಮೇಲೆ ಎಷ್ಟು ನಂಬಿಕೆಯಿತ್ತು ಎನ್ನುವುದು ಗೊತ್ತಾಗುತ್ತದೆ.

ಗೇಮನ್‌ಗೂ ಮ್ಯಾಕ್‌ಫಾರ್ಲೇನ್‌ಗೂ ಅದಾಗಲೇ ಬೇರೊಂದು ಬಾಕಿಯಿತ್ತು. 1993ರ 'ಸ್ಪಾನ್' 9ನೇ ಸಂಚಿಕೆ ಬರೆದದ್ದಕ್ಕೆ ಗೇಮನ್‌ಗೆ ಒಂದು ಲಕ್ಷ ಡಾಲರ್ ಸಂದಿತ್ತು. ಸಂಚಿಕೆ ಮಾರಾಟವಾದದ್ದು ಹತ್ತು ಲಕ್ಷಕ್ಕೂ ಮೇಲೆ, ಮುಖಬೆಲೆ 1 ಡಾಲರ್ 95 ಸೆಂಟ್. ಪ್ರತಿಯೊಂದಕ್ಕೆ ಹತ್ತು ಸೆಂಟಿಗಿಂತ ಕಡಿಮೆ, ಶೇಕಡಾ ಐದರ ಆಸುಪಾಸು. ಸಂಭಾವನೆಗಿಂತ ದೊಡ್ಡ ಪ್ರಶ್ನೆ, ಆ ಸಂಚಿಕೆಯಲ್ಲಿ ಹುಟ್ಟಿದ ಪಾತ್ರಗಳು ಯಾರವು ಎಂಬುದು. ಆ ಪಾತ್ರಗಳಲ್ಲಿ ಒಂದನ್ನು ಬಿಟ್ಟುಕೊಟ್ಟು ಮಿರಾಕಲ್‌ಮ್ಯಾನ್ ಪಾಲನ್ನು ಪಡೆಯುವ ಮಾತುಕತೆ 1997ರಲ್ಲಿ ನಡೆದು, 1999ರಲ್ಲಿ ಮುರಿಯಿತು. 2002ರಲ್ಲಿ ವಿಸ್ಕಾನ್ಸಿನ್‌ನಲ್ಲಿ ವಿಚಾರಣೆ. 2004ರ ಮೇಲ್ಮನವಿಯಲ್ಲೂ ಗೇಮನ್ ಗೆದ್ದರು. ಆದರೆ ಗೆದ್ದದ್ದು ಸ್ಪಾನ್ ಪಾತ್ರಗಳ ಸಹ-ಒಡೆತನವನ್ನು. ಮಿರಾಕಲ್‌ಮ್ಯಾನ್ ಎಂಬ ಗಂಟನ್ನು ಆ ತೀರ್ಪು ಬಿಚ್ಚಲೇ ಇಲ್ಲ. ವ್ಯಾಜ್ಯದ ಖರ್ಚಿಗೆಂದು ಗೇಮನ್ 2003ರಲ್ಲಿ ಮಾರ್ವೆಲ್‌ಗೆ '1602' ಎಂಬ ಎಂಟು ಸಂಚಿಕೆಯ ಮಾಲಿಕೆಯನ್ನು ಬರೆದುಕೊಟ್ಟರು. ಒಂದು ಪುಸ್ತಕ ಅಚ್ಚಾಗಬೇಕೆಂದು ಇನ್ನೊಂದು ಪುಸ್ತಕ.

ಇಷ್ಟು ಹೊತ್ತೂ ಲಾಭ ಮಾಡಿಕೊಂಡವರು ಹಳೇ ಸಂಚಿಕೆಗಳ ವ್ಯಾಪಾರಿಗಳು. ಮರುಮುದ್ರಣವಿಲ್ಲದ್ದರಿಂದ ಎಕ್ಲಿಪ್ಸ್‌ನ 15ನೇ ಸಂಚಿಕೆ (ಮೂರ್ ಬರೆದು ಜಾನ್ ಟೋಟಲ್‌ಬೆನ್ ಚಿತ್ರಿಸಿದ, ಲಂಡನ್ ನಾಶವಾಗುವ ಕಥೆ) ಒಳ್ಳೆಯ ಸ್ಥಿತಿಯಲ್ಲಿದ್ದರೆ ನೂರು ಡಾಲರಿಗೂ ಮೇಲೆ ಹೋಗುತ್ತಿತ್ತು. ಹಾಗೆ ಕೈ ಬದಲಾದ ಒಂದು ಸೆಂಟೂ ಬರೆದವರಿಗಾಗಲಿ ಬಿಡಿಸಿದವರಿಗಾಗಲಿ ಸೇರುವುದಿಲ್ಲ. 2022ರಲ್ಲಿ ಮಾರ್ವೆಲ್ ಮೂರ್ ಅವರ ಕಾಲದ ಕಥೆಗಳನ್ನೆಲ್ಲ ಒಟ್ಟುಗೂಡಿಸಿ ತಂದ ಬೃಹತ್ ಸಂಪುಟದ ಬೆಲೆ 100 ಡಾಲರ್. ಬಿಡಿಯಾಗಿ 16 ಸಂಚಿಕೆ ಕೊಂಡವರು 2014-15ರಲ್ಲಿ ತೆತ್ತದ್ದು 80 ಡಾಲರಿನ ಸುಮಾರು. ದುಬಾರಿ ಎಂದು ಗೊಣಗುವಾಗ ಈ ಮೂರು ಮೊತ್ತಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು.

ಗಂಟು ಬಿಚ್ಚಿದ ರೀತಿ ಮಾತ್ರ ಎಲ್ಲರನ್ನೂ ಪೆಚ್ಚಾಗಿಸಿತು. 2009ರ ಜುಲೈನಲ್ಲಿ ಸ್ಯಾನ್ ಡಿಯೇಗೋದ ಕಾಮಿಕ್ಸ್ ಸಮಾವೇಶದಲ್ಲಿ ಮಾರ್ವೆಲ್, ಮಿಕ್ ಆಂಗ್ಲೋರಿಂದಲೇ ಹಕ್ಕು ಕೊಂಡಿದ್ದೇವೆ ಎಂದು ಸಾರಿತು. ಐವತ್ತು ವರ್ಷಕ್ಕೂ ಹಿಂದೆ ಕೂಲಿಗೆ ಚಿತ್ರ ಬಿಡಿಸಿದ ಮುದುಕರ ಹತ್ತಿರವೇ ಮೂಲ ಹಕ್ಕು ಉಳಿದಿತ್ತು ಎಂದಾದರೆ, ಸ್ಕಿನ್ ಹಂಚಿದ್ದು, ಎಕ್ಲಿಪ್ಸ್ ಕೊಂಡದ್ದು, ಮ್ಯಾಕ್‌ಫಾರ್ಲೇನ್ ಹರಾಜಿನಲ್ಲಿ ಹಿಡಿದದ್ದು ಯಾವುದಕ್ಕೂ ಬುಡವಿರಲಿಲ್ಲ. ಆ ಹೆಸರಿಗೆ ತಕರಾರು ತೆಗೆದ ಕಂಪನಿಯೇ ಕೊನೆಗೆ ಹೆಸರಿನ ಒಡೆಯ. ಆದರೂ ಎಂಬತ್ತರ ದಶಕದ ಕಥೆಗಳನ್ನು ಮುಟ್ಟಲು ಆ ಕಾಲದ ಲೇಖಕ, ಕಲಾವಿದರ ಒಪ್ಪಿಗೆ ಬೇಕಿತ್ತು. ಅದಕ್ಕೆ ಇನ್ನೂ ನಾಲ್ಕು ವರ್ಷ ಹಿಡಿಯಿತು. 1993ರ ಆಗಸ್ಟ್‌ನಿಂದ 2014ರ ಜನವರಿವರೆಗೆ ಕಥೆ ಅಂಗಡಿಯಲ್ಲಿಲ್ಲದೆ ಇದ್ದದ್ದು ಇಪ್ಪತ್ತು ವರ್ಷ ಐದು ತಿಂಗಳು.

ಆಂಗ್ಲೋ 2011ರ ಅಕ್ಟೋಬರ್ 31ರಂದು, ತಮ್ಮ 95ನೇ ವಯಸ್ಸಿನಲ್ಲಿ ತೀರಿಕೊಂಡರು. ಹೊಸ ಅಚ್ಚಿನ ಮುಖಪುಟದಲ್ಲಿ ಅಲನ್ ಮೂರ್ ಹೆಸರಿಲ್ಲ. ತನ್ನ ಹೆಸರು ಹಾಕಬೇಡಿ, ಹಣ ಆಂಗ್ಲೋಗೆ ಸಲ್ಲಲಿ ಎಂದವರು ಅವರು. ಹಾಗಾಗಿ ಪುಸ್ತಕದಲ್ಲಿ ಬರೆದವರ ಜಾಗದಲ್ಲಿ 'ಮೂಲ ಲೇಖಕ' ಎಂದಷ್ಟೇ ಇದೆ. ಗೇಮನ್ ಮತ್ತು ಮಾರ್ಕ್ ಬಕಿಂಗ್‌ಹ್ಯಾಮ್ 1993ರಲ್ಲಿ ಅರ್ಧಕ್ಕೆ ಬಿಟ್ಟ 'ಸಿಲ್ವರ್ ಏಜ್' ಭಾಗ 2022ರಲ್ಲಿ ಮತ್ತೆ ಮೊದಲಿನಿಂದ ಆರಂಭವಾಗಿ ಏಳು ಸಂಚಿಕೆಗಳಲ್ಲಿ ಮುಗಿಯಿತು. ಅದರ ಮುಂದೆ ಬರಬೇಕಿದ್ದ 'ಡಾರ್ಕ್ ಏಜ್' ಇನ್ನೂ ಅಚ್ಚಾಗಿಲ್ಲ.